ಮೇಷ್ಟ್ರನ್ನ ಕೇಳಿ: ಲ್ಯಾಬಿಗೆ ಬೀಗ, ಪ್ರಶ್ನೆಪತ್ರಿಕೇಲಿ ‘ಛಿ’

ಈ ಸಲ ಬಂದ ಕಾಗದ, ಮೆಸೇಜಲ್ಲಿ ಅರ್ಧಕ್ಕರ್ಧ ಟೀಚರುಗಳದ್ದೇ, ಅದೂ ಎಲ್ಲಾ ಕಂಪ್ಯೂಟರ್ ಗೋಳೇ, ಹಾಗಾಗಿ ಎಲ್ಲರಿಗೂ ಒಟ್ಟಿಗೆ ಬರೀತಿದೀನಿ. ವರ್ಗಾವಣೆ, ಪಿಂಚಣಿ ಬಗ್ಗೆ ಕೇಳಿದವ್ರು ಬೇಜಾರಾಗ್ಬೇಡಿ, ಮುಂದಿನ ಸಂಚಿಕೆಗೆ ಇಟ್ಕೊಂಡಿದೀನಿ.

ಮೇಷ್ಟ್ರೇ, ನನ್ನ ನಾದಿನಿ ಕ್ಯಾಲಿಫೋರ್ನಿಯಾದಲ್ಲಿ ಟೀಚರ್. ಅಲ್ಲಿ ‘ಕ್ಯೂ’ ಅಂತ ಒಂದು ಸಂಘ ಇದೆಯಂತೆ, ಪಾಠಕ್ಕೆ ಕಂಪ್ಯೂಟರ್ ಬಳಸೋ ಟೀಚರುಗಳದ್ದೇ, ವರ್ಷಾ ವರ್ಷ ಜಾತ್ರೆ ಥರ ಸೇರ್ತಾರಂತೆ. ನಮ್ಮ ಕಡೆ ಅಂಥದ್ದೇನೂ ಇಲ್ವಾ?
— ಪ್ರೌಢಶಾಲೆ ಗಣಿತ ಶಿಕ್ಷಕಿ, ಹಾವೇರಿ ಜಿಲ್ಲೆ

ಮೇಡಂ, ನಿಮ್ಮ ನಾದಿನಿ ಹೇಳಿದ್ದು ಸರಿ, ‘ಕಂಪ್ಯೂಟರ್ ಯೂಸಿಂಗ್ ಎಜುಕೇಟರ್ಸ್’ ಅಂತ ಅದರ ಪೂರ್ತಿ ಹೆಸರು, ಶುರುವಾಗಿದ್ದು 1978ರಲ್ಲಿ. ಆಗ ನಾನು ಡಿಗ್ರಿ ಓದ್ತಿದ್ದೆ, ಲೆಕ್ಕದ ಲೆಕ್ಚರರ್ ಹತ್ರ ಒಂದು ಕ್ಯಾಲ್ಕುಲೇಟರ್ ಇತ್ತು, ಅದನ್ನ ಮುಟ್ಟೋಕೂ ಬಿಡ್ತಿರಲಿಲ್ಲ.

ನಮ್ಮಲ್ಲಿ ಅದಕ್ಕೆ ಹತ್ರದ್ದು ಅಂದ್ರೆ ವಿಷಯ ಶಿಕ್ಷಕರ ವೇದಿಕೆ, ಎಲ್ಲರ ಬಾಯಲ್ಲೂ ಎಸ್‌ಟಿಎಫ್. 2011ರಲ್ಲಿ ಪ್ರೌಢಶಿಕ್ಷಣಕ್ಕೆ ಆಗಿದ್ದ ಸರ್ಕಾರಿ ಯೋಜನೆ ಆರ್‌ಎಂಎಸ್‌ಎ, ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಜತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಶುರು ಮಾಡಿದ್ದು. ಅಲ್ಲಿಯದು ಟೀಚರುಗಳೇ ಕಟ್ಟಿದ ಸಂಘ, ನಮ್ಮದು ಇಲಾಖೆ ಸುತ್ತೋಲೆಯಿಂದ ಬಂದದ್ದು, ಅಷ್ಟು ವ್ಯತ್ಯಾಸ ಇದೆ. ಮೊದಲು ಗಣಿತ, ವಿಜ್ಞಾನ, ಸಮಾಜ ವಿಜ್ಞಾನದವರು, ಆಮೇಲೆ ಭಾಷೆಯವರು. ಡಯಟ್‌ನಲ್ಲಿ, ಅಂದ್ರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೇಲಿ, ಐದು ದಿನ ತರಬೇತಿ. ಓಓಡಿ, ಅಂದ್ರೆ ಸ್ಕೂಲಿಗೆ ಹೋಗದಿದ್ರೂ ಡ್ಯೂಟಿ ಲೆಕ್ಕ, ಸಿಕ್ತಲ್ಲ ಅಂತ ಹೋದವನು ನಾನು, ಸುಳ್ಳು ಯಾಕೆ ಹೇಳ್ಲಿ. ಮೊದಲ ದಿನ ಮೌಸ್ ಟೇಬಲ್ ಅಂಚಿಗೆ ಬಂದ್ಬಿಡ್ತು, ಬಾಣ ಇನ್ನೂ ಸ್ಕ್ರೀನ್ ಮಧ್ಯದಲ್ಲೇ, ಇನ್ನೆಲ್ಲಿಗೆ ಸರಿಸ್ಲಿ ಅಂತ ಪಕ್ಕದವರನ್ನ ಕೇಳಿದ್ದೆ, ಎತ್ತಿ ಈಚೆಗಿಡಿ ಸಾರ್ ಅಂದ್ರು, ಅಷ್ಟೂ ಗೊತ್ತಿರಲಿಲ್ಲ ನೋಡಿ. ಆಗ ನಂಗೆ 54.

ಮೂರನೇ ದಿನ ಜಿಯೋಜೀಬ್ರಾ ಅಂತ ರೇಖಾಗಣಿತದ ಚಿತ್ರ ಬಿಡಿಸೋ ತಂತ್ರಾಂಶ ತೋರಿಸಿದ್ರು. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ, ಹತ್ತನೇ ಕ್ಲಾಸಿನ ಪ್ರಮೇಯ, ಇಪ್ಪತ್ತೈದು ವರ್ಷ ಬೋರ್ಡ್ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆ. ಊರಿಗೆ ಬಂದು ಕ್ಲಾಸಲ್ಲಿ ಪ್ರೊಜೆಕ್ಟರಿಂದ ಗೋಡೆ ಮೇಲೆ ಬಿಟ್ಟೆ. ಬಿಂದು ಹಿಡ್ಕೊಂಡು ಎಳೆದ್ರೆ ಎರಡೂ ಗೆರೆಯ ಅಳತೆ ಒಟ್ಟಿಗೇ ಬದಲಾಗುತ್ತೆ, ಈ ಕಡೆ 5.3 ಅಂದ್ರೆ ಆ ಕಡೇನೂ 5.3, ಮಕ್ಕಳು ಹೂಂ ಅಂತ ನೋಡ್ತಿದ್ರು ಅಷ್ಟೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಯಾವತ್ತೂ ಬಾಯಿ ಬಿಡದವನು, ಎದ್ದು ಬಂದು ಬಿಂದೂನ ವೃತ್ತದ ಒಳಗಡೆ ಎಳೆದ. ಎರಡು ಗೆರೇನೂ ಮಾಯ! ಸಾರ್ ಗೆರೆ ಎಲ್ಲೋಯ್ತು ಅಂದ. ಒಳಗಿನ ಬಿಂದುವಿನಿಂದ ಸ್ಪರ್ಶಕ ಎಳೆಯೋಕೆ ಆಗಲ್ಲ ಅನ್ನೋದನ್ನ ನಾನು ಹೇಳೋ ಮುಂಚೆ ಅವನೇ ಕಂಡ್ಕೊಂಡಿದ್ದ, ಉಳಿದ ಪೀರಿಯಡ್ ಪೂರ್ತಿ ಅದರ ಬಗ್ಗೇನೇ ಗಲಾಟೆ.

ಆ ತರಬೇತಿಯಲ್ಲಿ ಹುಟ್ಟಿದ್ದೇ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಅನ್ನೋ ವೆಬ್‌ಸೈಟ್. ವಿಕಿಪೀಡಿಯ ಥರಾನೇ ಟೀಚರುಗಳು ಸೇರಿ ಬರೆದದ್ದು, ಕನ್ನಡದಲ್ಲಿ ಪಾಠ, ಚಟುವಟಿಕೆ ಎಲ್ಲಾ ಇದೆ, ಯಾರು ಬೇಕಾದ್ರೂ ತಗೊಂಡು ತಿದ್ದಿ ಬಳಸ್ಬಹುದು. ಕೆಲವು ಪುಟ ಭರ್ತಿ ಇವೆ, ಕೆಲವಲ್ಲಿ ತಲೆಬರಹ ಬಿಟ್ರೆ ಏನಿಲ್ಲ, ಅದೂ ನಿಜ. ಆಮೇಲೆ 2016-17ರಿಂದ ಟಾಲ್ಪ್ ಬಂತು, ಪಾಠಕ್ಕೆ ಕಂಪ್ಯೂಟರ್ ಬಳಸೋದು ಕಲಿಸೋ ಸರ್ಕಾರಿ ಕಾರ್ಯಕ್ರಮ, ನೀವೂ ಹೋಗಿರ್ತೀರಿ. ಆ ಹಳೇ ಬ್ಯಾಚಿನವರು ನಿಮ್ಮ ತಾಲೂಕಲ್ಲಿ ಇಬ್ಬರಾದ್ರೂ ಇರ್ತಾರೆ, ಡಯಟ್‌ನಲ್ಲಿ ಎಂಆರ್‌ಪಿ ಯಾರು ಅಂತ ಕೇಳಿ, ಬೆಲೆ ಅಲ್ಲ ಮೇಡಂ, ಮಾಸ್ಟರ್ ರಿಸೋರ್ಸ್ ಪರ್ಸನ್. ನನಗೆ ತರಬೇತಿಗಿಂತ ಜಾಸ್ತಿ ಉಪಯೋಗ ಆಗಿದ್ದು ಅಲ್ಲಿ ಸಿಕ್ಕ ನಾಲ್ಕು ಫೋನ್ ನಂಬರ್.

ಸರ್, ನಾನು ಹೊಸದಾಗಿ ಬಂದ ಎಚ್‌ಎಂ. ಲ್ಯಾಬಲ್ಲಿ ಹತ್ತು ಕಂಪ್ಯೂಟರ್ ಇವೆ, ಬೀಗ ಹಾಕಿ ವರ್ಷಗಳೇ ಆಗಿವೆ. ತೆಗೆದ್ರೆ ನನ್ನ ಮೇಲೆ ಬರುತ್ತೆ ಅಂತ ಎಲ್ಲರೂ ಹೆದರಿಸ್ತಾರೆ.
— ಹೆಸರು ಬೇಡ, ಕಲ್ಯಾಣ ಕರ್ನಾಟಕ

ನಿಮ್ಮದೊಂದೇ ಸ್ಕೂಲಲ್ಲ ಬಿಡಿ. ಆಗಿದ್ದೇನು ಅಂದ್ರೆ ಸ್ಕೂಲುಗಳಿಗೆ ಈ ಲ್ಯಾಬ್ ಬಂದ ಕಾಲದಲ್ಲಿ ಗುತ್ತಿಗೆ ಕಂಪನಿಯವರೇ ಮೆಷಿನ್ ತಂದು, ಕಲಿಸೋಕೆ ಅವರದ್ದೇ ಒಬ್ಬ ಹುಡುಗನ್ನ ಇಟ್ಟು, 5 ವರ್ಷ ಆದ್ಮೇಲೆ ಸ್ಕೂಲಿಗೆ ಒಪ್ಪಿಸಿ ಹೋಗೋ ಲೆಕ್ಕ. ಆ ಐದು ವರ್ಷ ನಮ್ಮ ಟೀಚರುಗಳು ಕಂಪ್ಯೂಟರ್ ಕ್ಲಾಸ್ ಅಂದ್ರೆ ಆ ಹುಡುಗನ ಪೀರಿಯಡ್ ಅಂತ ಸ್ಟಾಫ್ ರೂಮಲ್ಲಿ ಪೇಪರ್ ತಿದ್ದುತಾ ಕೂತ್ವಿ, ನಾನೂ ಕೂತಿದ್ದೆ, ಅವನು ಹೋದ ದಿನವೇ ಬೀಗ ಬಿತ್ತು.

ಮೊದಲು ಎಸ್‌ಡಿಎಂಸಿ, ಅಂದ್ರೆ ಸ್ಕೂಲಿನ ಮೇಲುಸ್ತುವಾರಿ ಸಮಿತಿ, ಮೀಟಿಂಗಲ್ಲಿ ಠರಾವು ಮಾಡಿಸಿ, ಎರಡು ಜನ ಟೀಚರ್ ಎದುರಿಗೆ ಬೀಗ ತೆಗೆದು ಸ್ಟಾಕ್ ಬುಕ್ ಜತೆ ಒಂದೊಂದೇ ತಾಳೆ ನೋಡಿ ಸಹಿ ಹಾಕಿಸಿ. ಆಮೇಲೆ ಯಾರೂ ನಿಮ್ಮನ್ನ ಏನೂ ಅನ್ನೋಕಾಗಲ್ಲ. ಯುಪಿಎಸ್ ಬ್ಯಾಟರಿ ಖಂಡಿತ ಸತ್ತಿರುತ್ತೆ, ಅದರ ಆಸೆ ಬಿಡಿ. ಹತ್ತರಲ್ಲಿ ಮೂರು ಎದ್ದು ಕೂತ್ರೂ ಲಾಭ. ಒಂದರ ರ್‍ಯಾಮ್ ತೆಗೆದು ಇನ್ನೊಂದಕ್ಕೆ ಹಾಕಿದ್ರೆ ಅದನ್ನೂ ಬರೆದಿಡಿ. ಸಿಪಿಯು ಬಿಚ್ಚುವಾಗ ಸ್ವಲ್ಪ ದೂರ ನಿಂತ್ಕೊಳ್ಳಿ, ನಾವು ಬಿಚ್ಚಿದಾಗ ಒಳಗೆ ಇಲಿ ಗೂಡು ಕಟ್ಟಿ ಸಂಸಾರ ಹೂಡಿತ್ತು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಬೇರೆಯವರಿಗೆ ಕಳಿಸಿದ್ರೆ ಏನೇನೋ ಅಕ್ಷರ ಬರುತ್ತೆ. ಯೂನಿಕೋಡಿಗೆ ಕನ್ವರ್ಟ್ ಮಾಡಿದ್ರೆ ಇಂಗ್ಲಿಷ್ ಇರೋ ಕಡೆ ‘ಛಿ’ ಅಂತಿದೆ. ವೈರಸ್ಸಾ?
— ವಿಜ್ಞಾನ ಶಿಕ್ಷಕ, ತುಮಕೂರು

ವೈರಸ್ ಅಲ್ಲಪ್ಪಾ. ಹಳೇ ನುಡಿ ಫಾಂಟಲ್ಲಿ ಕಂಪ್ಯೂಟರ್ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಫಾಂಟ್ ಮಾತ್ರ ಅದಕ್ಕೆ ಕನ್ನಡದ ವೇಷ ಹಾಕುತ್ತೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬೀಳುತ್ತೆ, ತಲೆ ಮೇಲೆ ಕೊಂಬಿರೋ ಅಕ್ಷರಗಳು ಕಾಣೋದು ಅದಕ್ಕೇ. ಯೂನಿಕೋಡಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ, ಫೋನಲ್ಲಿ ನೀವು ಟೈಪ್ ಮಾಡೋದೆಲ್ಲ ಅದೇ.

ಇನ್ನು ‘ಛಿ’ ವಿಚಾರ. ಕನ್ವರ್ಟರಿಗೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಅಂತ ಗೊತ್ತಾಗಲ್ಲ, ಎಲ್ಲಾನೂ ಕನ್ನಡ ಮಾಡ್ಬಿಡುತ್ತೆ. ಇಂಗ್ಲಿಷಿನ ‘ಸಿ’ ಹೋಗಿ ‘ಛಿ’, ಮೂರು ಡಬ್ಲ್ಯೂ ಹೋಗಿ ‘ತಿತಿತಿ’. ಸೆಂಟಿಮೀಟರ್ ಇದ್ದ ಕಡೆಯೆಲ್ಲ ಮಕ್ಕಳಿಗೆ ಛಿ ಅಂದಂಗಾಗುತ್ತೆ. ಕನ್ವರ್ಟ್ ಮಾಡೋ ಮುಂಚೆ ಇಂಗ್ಲಿಷ್ ಭಾಗ ತೆಗೆದಿಟ್ಟು ಆಮೇಲೆ ಸೇರಿಸಿ, ಅರ್ಕಾವತ್ತು ಇರೋ ಪದ ಒಂದ್ಸಲ ಕಣ್ಣಾಡಿಸಿ. ಹೊಸದಾಗಿ ಬರೆಯೋದೆಲ್ಲ ಯೂನಿಕೋಡಲ್ಲೇ ಬರೀರಿ, ಹೊಸ ನುಡಿಯಲ್ಲೂ ಆ ಆಯ್ಕೆ ಇದೆ, ಕೀಲಿಮಣೆ ಅದೇ, ಕೆ.ಪಿ. ರಾವ್ ಅವರ ವಿನ್ಯಾಸದ್ದು, ಬೆರಳಿಗೆ ಹೊಸದಾಗಿ ಕಲಿಸೋದೇನಿಲ್ಲ.

ಮಗಳ ಸರ್ಕಾರಿ ಸ್ಕೂಲಲ್ಲಿ ವಿಂಡೋಸ್ ಬಿಟ್ಟು ಉಬುಂಟು ಕಲಿಸ್ತಾರೆ. ನಾಳೆ ಕೆಲಸಕ್ಕೆ ತೊಂದ್ರೆ ಆಗಲ್ವಾ?
— ಒಬ್ಬ ಅಪ್ಪ, ಮಂಡ್ಯ

ಆಗಲ್ಲ ಕಣಣ್ಣ. ಪಕ್ಕದ ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಅಂತ ಶುರು ಮಾಡಿ ಮುಂದೆ ಸರ್ಕಾರಿ ಸ್ಕೂಲುಗಳನ್ನೆಲ್ಲ ಉಬುಂಟು ಥರ ಯಾರು ಬೇಕಾದ್ರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶಕ್ಕೇ ತಂದ್ರು, ಈಗ ಅದು ಕೈಟ್ ಅನ್ನೋ ಸರ್ಕಾರಿ ಕಂಪನಿ. ಲೈಸೆನ್ಸ್ ದುಡ್ಡು ಉಳಿಯುತ್ತೆ, ಪಾಠಕ್ಕೆ ಬೇಕಾದ ತಂತ್ರಾಂಶ ಬಿಟ್ಟಿ ಸಿಗುತ್ತೆ. ಒಂದರಲ್ಲಿ ಫೈಲ್ ಉಳಿಸೋದು ಕಲಿತವಳಿಗೆ ಇನ್ನೊಂದು ಒಂದು ವಾರದ ಕೆಲಸ. ಪ್ರಿಂಟರ್ ಜೋಡಿಸೋದು ಮಾತ್ರ ಕಷ್ಟ ಕೊಡುತ್ತೆ, ಒಪ್ಕೋತೀನಿ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಸುತ್ತುತ್ತಾ ಕೂರುತ್ತೆ. ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ.
— ಅತಿಥಿ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಆ ಕೋಡ್ ಓದೋ ಸರ್ಕಾರದ ದೀಕ್ಷಾ ಆ್ಯಪಲ್ಲಿ ಡೌನ್‌ಲೋಡ್ ಅಂತ ಇದೆ ತಾಯಿ. ಪೇಟೆಗೆ ಹೋದ ದಿನ ಮುಂದಿನ ವಾರದ ಪಾಠದ ಕೋಡ್ ಸ್ಕ್ಯಾನ್ ಮಾಡಿ ಇಳಿಸ್ಕೊಂಡು ಬನ್ನಿ, ಕ್ಲಾಸಲ್ಲಿ ನೆಟ್ ಇಲ್ಲದೇನೇ ಓಡುತ್ತೆ. ಫೋನಲ್ಲಿ ಜಾಗ ಇಲ್ಲ ಅಂತ ಬಂದ್ರೆ ಸ್ಟಾಫ್ ಗ್ರೂಪಿನ ಗುಡ್ ಮಾರ್ನಿಂಗ್ ಫೋಟೋಗಳಿಂದ ಅಳಿಸೋಕೆ ಶುರು ಮಾಡಿ.