ಅಣಬೆಯ ಗುರುತು: ಬೀಜಕದ ಸಾಕ್ಷಿ, ಡಿಎನ್‌ಎ ಸಾಕ್ಷಿ

ಆರಿದ್ರಾ ಮಳೆ ಹಿಡಿಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅಣಬೆಗಳದ್ದೇ ಮಾತು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಶಿಲೀಂಧ್ರಗಳ ಗುರುತು ಮತ್ತು ಹೆಸರಿಗೆ ಸಂಬಂಧಿಸಿದ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಆ ಪ್ರಶ್ನೆಗೆ ಅಷ್ಟು ಜಾಗ ಕೊಡಲೇಬೇಕಿತ್ತು.

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದೇನೆ. ಕಳೆದ ಜುಲೈನಲ್ಲಿ ಕಲಘಟಗಿ ಹತ್ತಿರದ ನಮ್ಮ ಹೊಲದ ಬಿದಿರುಮೆಳೆಯ ಕೆಳಗೆ, ಕೊಳೆತ ತರಗೆಲೆಯ ನಡುವೆ, ಬಿಳಿ ಟೋಪಿಯ ಮೇಲೆ ಕಂದು ಹುರುಪೆಗಳಿರುವ ಪುಟ್ಟ ಅಣಬೆ ಸಿಕ್ಕಿತು. ಅದರ ಡಿಎನ್‌ಎಯ ಐಟಿಎಸ್ ಎಂಬ ಭಾಗದ ಅಕ್ಷರಗಳ ಅನುಕ್ರಮ ಓದಿಸಿ, ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಅನುಕ್ರಮ ಭಂಡಾರದಲ್ಲಿ ಹೋಲಿಸಿದಾಗ ಲೆಪಿಯೋಟಾ ಕುಲದ ಒಂದು ಪ್ರಭೇದದೊಂದಿಗೆ ಶೇ 94ರಷ್ಟು ಮಾತ್ರ ಹೋಲಿಕೆ ಬಂತು. ಶೇ 97ಕ್ಕಿಂತ ಕಡಿಮೆ ಬಂದರೆ ಹೊಸ ಪ್ರಭೇದವೇ ಎಂದು ಗೆಳತಿಯರು ಹೇಳುತ್ತಾರೆ. ಇದನ್ನು ಹೊಸದೆಂದು ಪ್ರಕಟಿಸಬಹುದೇ? (ಓದುಗರು, ಕಲಘಟಗಿ)

ಉತ್ತರ: ಈಗಲೇ ಪ್ರಕಟಿಸಬೇಡಿ, ಕೈಬಿಡಲೂ ಬೇಡಿ. ನಿಮ್ಮ ಕೈಯಲ್ಲಿರುವುದು ಒಳ್ಳೆಯ ಸುಳಿವು. ಅದನ್ನು ಪುರಾವೆಯಾಗಿಸುವ ಕೆಲಸ ಇನ್ನೂ ಉಳಿದಿದೆ.

ಐಟಿಎಸ್ ಎಂಬುದು ರೈಬೋಸೋಮಿನ ಆರ್‌ಎನ್‌ಎ ವಂಶವಾಹಿಗಳ ನಡುವೆ ಇರುವ ಭಾಗ. ಒಂದೊಂದು ಜೀವಕೋಶದಲ್ಲೂ ಇದರ ಹಲವಾರು ಪ್ರತಿಗಳಿರುವುದರಿಂದ ಒಣಗಿದ ಹಳೆಯ ಮಾದರಿಯ ಚೂರಿನಿಂದಲೂ ಪಿಸಿಆರ್ (ಡಿಎನ್‌ಎ ತುಣುಕನ್ನು ಅನೇಕ ಪಟ್ಟು ನಕಲು ಮಾಡುವ ವಿಧಾನ) ಮೂಲಕ ಇದನ್ನು ಪಡೆಯಬಹುದು. ಹತ್ತಿರದ ಪ್ರಭೇದಗಳ ನಡುವೆಯೂ ಇದು ಸಾಕಷ್ಟು ಬದಲಾಗುತ್ತದೆ. ಈ ಎರಡು ಗುಣಗಳಿಂದಾಗಿಯೇ 2012ರಲ್ಲಿ ಇದನ್ನು ಶಿಲೀಂಧ್ರಗಳ ಸಾಮಾನ್ಯ ಬಾರ್‌ಕೋಡ್, ಎಂದರೆ ಪ್ರಭೇದ ಗುರುತಿಸುವ ಡಿಎನ್‌ಎ ತುಣುಕು, ಆಗಿ ಸೂಚಿಸಲಾಯಿತು. ಆದರೆ ಶೇ 97 ಎಂಬುದು ನಿಸರ್ಗ ಎಳೆದ ಗೆರೆಯಲ್ಲ, ಕೆಲಸದ ಅನುಕೂಲಕ್ಕೆ ನಾವು ಹಾಕಿಕೊಂಡ ಗುರುತು. ಕೆಲವು ಕುಲಗಳಲ್ಲಿ ಸ್ಪಷ್ಟವಾಗಿ ಬೇರೆಯಾದ ಎರಡು ಪ್ರಭೇದಗಳ ಐಟಿಎಸ್ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇನ್ನು ಕೆಲವೆಡೆ ಒಂದೇ ಪ್ರಭೇದದೊಳಗೇ ಸಾಕಷ್ಟು ವ್ಯತ್ಯಾಸ ಕಾಣುತ್ತದೆ.

ಶೇ 94 ಎಂಬ ಅಂಕಿ ಹೇಳುವುದಿಷ್ಟೇ: ನಿಮ್ಮ ಅಣಬೆಗೆ ಸರಿಹೊಂದುವ ಅನುಕ್ರಮ ಆ ಭಂಡಾರದಲ್ಲಿಲ್ಲ. ಇಲ್ಲದಿರುವುದಕ್ಕೆ ಕಾರಣ ಅದು ಹೊಸದಾಗಿರುವುದೂ ಆಗಬಹುದು, ನೂರೈವತ್ತು ವರ್ಷಗಳ ಹಿಂದೆಯೇ ಹೆಸರು ಪಡೆದು ಇಂದಿಗೂ ಡಿಎನ್‌ಎ ಪರೀಕ್ಷೆಗೆ ಒಳಗಾಗದೆ ಉಳಿದಿರುವುದೂ ಆಗಬಹುದು. ನಮ್ಮ ಭಾಗದಲ್ಲಿ ಈ ಎರಡನೆಯದಕ್ಕೆ ವಿಶೇಷ ಗಮನ ಕೊಡಬೇಕು. ಹತ್ತೊಂಬತ್ತನೆಯ ಶತಮಾನದ ಎರಡನೇ ಅರ್ಧದಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞರಾದ ಬರ್ಕ್ಲಿ ಮತ್ತು ಬ್ರೂಮ್ ಸಿಂಹಳದ (ಇಂದಿನ ಶ್ರೀಲಂಕಾದ) ಬಹಳಷ್ಟು ಅಣಬೆಗಳನ್ನು ವರ್ಣಿಸಿದರು, ಆಮೇಲೆ ಅಲ್ಲಿನ ಪೆರಾದೆನಿಯದಲ್ಲಿದ್ದ ಶಿಲೀಂಧ್ರತಜ್ಞ ಪೆಚ್ ಅದನ್ನು ಮುಂದುವರಿಸಿದರು. ಅವರ ಮಾದರಿಗಳಲ್ಲಿ ಅನೇಕವನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪೆಗ್ಲರ್ ಮರುಪರಿಶೀಲಿಸಿ 1986ರಲ್ಲಿ ವಿವರಗಳನ್ನು ಪ್ರಕಟಿಸಿದರು. ಅಲ್ಲಿ ಲೆಪಿಯೋಟಾ ಗುಂಪಿನವು ಹಲವಿವೆ. ಪಶ್ಚಿಮ ಘಟ್ಟದ ಸೆರಗಿನಲ್ಲಿರುವ ಕಲಘಟಗಿಯ ಅಣಬೆಯೊಂದು ಸಿಂಹಳದ ಹಳೆಯ ವರ್ಣನೆಗೆ ಹೊಂದಿಕೊಂಡರೆ ಆಶ್ಚರ್ಯವೇನಿಲ್ಲ. ಆ ವರ್ಣನೆಗಳಲ್ಲಿ ಡಿಎನ್‌ಎ ಇಲ್ಲ. ಬೀಜಕದ (ಅಣಬೆಯ ಸಂತಾನಕ್ಕೆ ಕಾರಣವಾಗುವ ಸೂಕ್ಷ್ಮ ಕಣದ) ಅಳತೆ, ಹುರುಪೆಯ ರಚನೆ, ಬಣ್ಣ, ನೆಲೆ ಇವೇ ಇವೆ. ಅವುಗಳೊಂದಿಗೆ ನಿಮ್ಮ ಅಣಬೆಯನ್ನು ಹೋಲಿಸಲು ರೂಪ ಲಕ್ಷಣಗಳ ದಾರಿಯೊಂದೇ ಇರುವುದು.

ಅದಕ್ಕೂ ಮೊದಲು ಆ ಅನುಕ್ರಮ ನಿಮ್ಮ ಅಣಬೆಯದ್ದೇ ಎಂದು ಖಚಿತಪಡಿಸಿಕೊಳ್ಳಿ. ಹಲವು ವರ್ಷಗಳ ಹಿಂದೆ ಕೆಲಗೇರಿ ಕೆರೆಯ ದಂಡೆಯಲ್ಲಿ ಕಿತ್ತ ಅಣಬೆಯೊಂದು ನಮ್ಮಲ್ಲಿ ಎರಡು ದಿನ ಪ್ಲಾಸ್ಟಿಕ್ ಚೀಲದಲ್ಲೇ ಉಳಿದಿತ್ತು. ಅದರಿಂದ ಬಂದ ಅನುಕ್ರಮ ಕ್ಲಾಡೋಸ್ಪೋರಿಯಂ ಎಂಬ ಬೂಷ್ಟಿನದ್ದು. ಬೂಷ್ಟೂ ಶಿಲೀಂಧ್ರವೇ ಆದ್ದರಿಂದ ಪಿಸಿಆರ್ ಎರಡಕ್ಕೂ ಭೇದ ಎಣಿಸುವುದಿಲ್ಲ. ಟೋಪಿಯನ್ನು ಸೀಳಿ ಒಳಗಿನ ಶುಭ್ರ ತಿರುಳಿನಿಂದ ಮಾದರಿ ತೆಗೆಯುವುದು ಕ್ಷೇಮ. ಭಂಡಾರದಲ್ಲಿರುವ ಹೆಸರುಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಸಾರ್ವಜನಿಕ ಭಂಡಾರಗಳಲ್ಲಿದ್ದ ಶಿಲೀಂಧ್ರ ಅನುಕ್ರಮಗಳಲ್ಲಿ ಸುಮಾರು ಐದರಲ್ಲಿ ಒಂದರ ಪ್ರಭೇದದ ಹೆಸರು ತಪ್ಪಿರಬಹುದೆಂದು 2006ರ ಒಂದು ಅಧ್ಯಯನ ಅಂದಾಜಿಸಿತ್ತು. ನಿಮ್ಮ ಅಣಬೆಗೆ ಹತ್ತಿರವೆಂದು ಬಂದ ಅನುಕ್ರಮ ಯಾವ ಮಾದರಿಯದ್ದು, ಅದು ಯಾವ ಸಂಗ್ರಹಾಲಯದಲ್ಲಿದೆ, ಯಾವ ದೇಶದಿಂದ ಬಂದದ್ದು ಎಂದು ಒಂದೊಂದನ್ನೂ ತೆರೆದು ನೋಡಿ.

ಈಗ ಸೂಕ್ಷ್ಮದರ್ಶಕದ ಮುಂದೆ ಕೂಡುವ ಕೆಲಸ. ಬೀಜಕಗಳನ್ನು ಬೀಜಕದ ಅಚ್ಚಿನಿಂದಲೇ (ಟೋಪಿಯಿಂದ ಕಾಗದದ ಮೇಲೆ ಉದುರಿದ ಬೀಜಕದ ಪುಡಿಯಿಂದ) ತೆಗೆದು ಅಳೆಯಿರಿ, ಏಕೆಂದರೆ ಟೋಪಿಯ ಅಡಿಯ ತೆಳು ಹಾಳೆಗಳಾದ ಕಿವಿರಿನಿಂದ ಕೆರೆದು ತೆಗೆದವುಗಳಲ್ಲಿ ಬಲಿಯದವೂ ಸೇರಿರುತ್ತವೆ. ಒಂದೊಂದು ಅಣಬೆಯಿಂದ ಕನಿಷ್ಠ ಇಪ್ಪತ್ತು ಮೂವತ್ತು ಬೀಜಕಗಳ ಉದ್ದ, ಅಗಲ ಮತ್ತು ಅವೆರಡರ ಅನುಪಾತವನ್ನು ಬರೆದುಕೊಳ್ಳಿ. ಲೆಪಿಯೋಟಾದಲ್ಲಿ ಬೀಜಕದ ಆಕಾರವೇ ಅರ್ಧ ದಾರಿ ತೋರಿಸುತ್ತದೆ: ಕೆಲವು ಪ್ರಭೇದಗಳಲ್ಲಿ ಅದು ಮೊಟ್ಟೆಯಂತಿದ್ದರೆ, ಕೆಲವುಗಳಲ್ಲಿ ಕದಿರಿನಂತೆ ಎರಡೂ ತುದಿ ಚೂಪಾಗಿರುತ್ತದೆ, ಮತ್ತೆ ಕೆಲವುಗಳಲ್ಲಿ ಬುಡದಲ್ಲಿ ಒಂದು ಬದಿಗೆ ಪುಟ್ಟ ಮುಳ್ಳಿನಂಥ ಚಾಚಿಕೆಯಿದ್ದು ಬಂದೂಕಿನ ಗುಂಡಿನಂತೆ ಕಾಣುತ್ತದೆ. ಅಯೋಡಿನ್ ಇರುವ ಮೆಲ್ಟ್ಸರ್ ದ್ರಾವಣದ ಹನಿಯಲ್ಲಿ ಇಟ್ಟಾಗ ಅವು ಕೆಂಗಂದು ಬಣ್ಣಕ್ಕೆ ತಿರುಗುತ್ತವೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಆಮೇಲೆ ಟೋಪಿಯ ಮೇಲಿನ ಒಂದು ಕಂದು ಹುರುಪೆಯನ್ನು ಹೊಸ ಬ್ಲೇಡಿನಿಂದ ಆದಷ್ಟು ತೆಳ್ಳಗೆ ಸೀಳಿ, ಶೇ 5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ನೆನೆಯಿಸಿ, ಕಾಂಗೋ ರೆಡ್ ಬಣ್ಣ ಕೊಟ್ಟು ನೋಡಿ. ಕೆಲವು ಪ್ರಭೇದಗಳಲ್ಲಿ ನೆಟ್ಟಗೆ ನಿಂತ ನೀಳ ಕೂದಲಿನಂಥ ಕೋಶಗಳು ಕಾಣುತ್ತವೆ. ಕೆಲವುಗಳಲ್ಲಿ ಗದೆಯಂಥ ಗುಂಡು ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿರುತ್ತವೆ. ಬರಿಗಣ್ಣಿಗೆ ಎರಡೂ ಒಂದೇ ಕಂದು ಚುಕ್ಕೆ. ಈ ಒಂದು ಭೇದದಿಂದ ಕುಲದೊಳಗಿನ ಗುಂಪೇ ಬೇರೆಯಾಗುತ್ತದೆ. ಒಂದು ಜೋರು ಮಳೆ ಹುಯ್ದರೆ ಹುರುಪೆಗಳು ತೊಳೆದುಹೋಗಿ ಅದೇ ಅಣಬೆ ಬರೀ ಬೆಳ್ಳಗೆ ಕಾಣುತ್ತದೆ ಎಂಬುದನ್ನೂ ಮರೆಯಬೇಡಿ. ಮೊಗ್ಗು, ಅರಳಿದ್ದು, ಮುದಿಯಾದದ್ದು ಮೂರನ್ನೂ ಸಂಗ್ರಹಿಸಬೇಕೆನ್ನುವುದು ಇದಕ್ಕಾಗಿಯೇ.

ಈ ಮಳೆಗಾಲದಲ್ಲಿ ಮತ್ತೆ ಅದೇ ಮೆಳೆಗೆ ಹೋಗಿ, ಸಾಧ್ಯವಾದರೆ ಬೇರೆ ಎರಡು ಜಾಗಗಳಲ್ಲೂ ಹುಡುಕಿ. ಎರಡು ಮೂರು ಸಂಗ್ರಹಗಳ ಡಿಎನ್‌ಎ ಒಂದೇ ಬಂದರೆ, ಐಟಿಎಸ್ ಜೊತೆಗೆ 28ಎಸ್ ಮತ್ತು ಆರ್‌ಪಿಬಿ2 ವಂಶವಾಹಿಗಳಿಂದ ಕಟ್ಟಿದ ವಂಶವೃಕ್ಷದಲ್ಲಿ ಅವೆಲ್ಲ ಒಂದೇ ಕೊಂಬೆಯಲ್ಲಿ ನಿಂತರೆ, ಆ ಕೊಂಬೆಗೆ ನೀವು ಕಂಡ ಬೀಜಕ ಮತ್ತು ಹುರುಪೆಯ ಲಕ್ಷಣಗಳು ತಪ್ಪದೆ ಹೊಂದಿಕೊಂಡರೆ, ಹಳೆಯ ವರ್ಣನೆಗಳಲ್ಲಿ ಯಾವುದೂ ಸರಿಹೋಗದಿದ್ದರೆ, ಆಗ ಹೊಸದೆಂದು ಹೇಳಿ. ಹೆಸರು ಊರ್ಜಿತವಾಗಲು ಒಂದು ಮಾದರಿಯನ್ನು ಮೂಲಮಾದರಿಯೆಂದು ಗೊತ್ತುಮಾಡಿ ಮಾನ್ಯ ಸಂಗ್ರಹಾಲಯದಲ್ಲಿ ಇಡಬೇಕು; ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯ ಅಜ್ರೇಕರ್ ಸಂಗ್ರಹಾಲಯ ನಮಗೆ ಹತ್ತಿರದ್ದು. ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವರ್ಣನೆ ಇರಬೇಕು. 2013ರ ಜನವರಿ 1ರಿಂದ ಮೈಕೋಬ್ಯಾಂಕ್‌ನಂಥ ಮಾನ್ಯ ದಾಖಲಾತಿ ಕೇಂದ್ರದಿಂದ ಪಡೆದ ಸಂಖ್ಯೆಯೂ ಕಡ್ಡಾಯ. 2017ರ ಒಂದು ಲೆಕ್ಕದ ಪ್ರಕಾರ ಭೂಮಿಯಲ್ಲಿರುವ ಶಿಲೀಂಧ್ರ ಪ್ರಭೇದಗಳು 22ರಿಂದ 38 ಲಕ್ಷ. ಆಗ ಹೆಸರು ಪಡೆದಿದ್ದವು ಸುಮಾರು 1.2 ಲಕ್ಷ ಮಾತ್ರ. ಹಾಗಾಗಿ ನಿಮ್ಮ ಆಸೆ ಅತಿಯಾಸೆಯಲ್ಲ.

ಪ್ರಶ್ನೆ: ನಾವು ತಲೆಮಾರಿನಿಂದ ಮೆಣಸಿನಕಾಯಿ ಬೆಳೆಯುವವರು. ಹಣ್ಣು ಕೊಳೆಯುವ ಚಿಬ್ಬು ರೋಗಕ್ಕೆ ಕೊಲೆಟೋಟ್ರೈಕಂ ಕ್ಯಾಪ್ಸಿಸಿ ಕಾರಣ ಎಂದು ಮೊದಲು ಓದಿದ್ದೆವು. ಈಗ ಕೊಲೆಟೋಟ್ರೈಕಂ ಟ್ರಂಕೇಟಂ ಎನ್ನುತ್ತಾರೆ. ರೋಗ ಬೇರೆಯಾಯಿತೇ? (ಓದುಗರು, ಬ್ಯಾಡಗಿ)

ಉತ್ತರ: ರೋಗ ಅದೇ, ಬದಲಾದದ್ದು ಹೆಸರು. ಕಣದಲ್ಲಿ ಒಣಹಾಕಿದ ಕಾಯಿಗಳಲ್ಲಿ ಬಿಳಿಚಿದ ಮಚ್ಚೆಯಿರುವ ಒಂದನ್ನು ಆರಿಸಿಕೊಂಡು, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಮಚ್ಚೆಯೊಳಗೆ ಕರಿ ಚುಕ್ಕೆಗಳು ಸುತ್ತು ಸುತ್ತಾಗಿ ಕೂತಿರುತ್ತವೆ, ಒಂದೊಂದು ಚುಕ್ಕೆಯಿಂದಲೂ ಕಪ್ಪು ಬಿರುಗೂದಲುಗಳು ಎದ್ದಿರುತ್ತವೆ. ಆ ಚುಕ್ಕೆಗಳಲ್ಲಿ ಹುಟ್ಟುವ ಬೀಜಕಗಳು ಕುಡುಗೋಲಿನಂತೆ ಬಾಗಿರುತ್ತವೆ.

ಭಾರತದ ಮೆಣಸಿನಕಾಯಿಯಲ್ಲಿ ಸಿಕ್ಕ ಈ ಶಿಲೀಂಧ್ರಕ್ಕೆ 1913ರಲ್ಲಿ ಜರ್ಮನಿಯ ಶಿಲೀಂಧ್ರತಜ್ಞ ಜಿಡೋವ್ ‘ಕ್ಯಾಪ್ಸಿಸಿ’ ಎಂಬ ಹೆಸರು ಕೊಟ್ಟರು. ಆದರೆ ಅಮೆರಿಕದಲ್ಲಿ ಶ್ವೈನಿಟ್ಸ್ 1832ರಲ್ಲೇ ದ್ವಿದಳ ಸಸ್ಯವೊಂದರ ಮೇಲಿದ್ದ ಇಂಥದೇ ಶಿಲೀಂಧ್ರವನ್ನು ‘ಟ್ರಂಕೇಟಂ’ ಎಂಬ ಹೆಸರಿನ ಮೂಲರೂಪದಲ್ಲಿ ವರ್ಣಿಸಿದ್ದರು. ಬೆಳೆ ಬೇರೆ ಎಂಬ ಕಾರಣಕ್ಕೆ ಬಹುಕಾಲ ಎರಡನ್ನೂ ಬೇರೆಯೆಂದೇ ಎಣಿಸಲಾಯಿತು. 2009ರಲ್ಲಿ ಬಾಗಿದ ಬೀಜಕದ ಕೊಲೆಟೋಟ್ರೈಕಂಗಳನ್ನು ರೂಪ ಮತ್ತು ಹಲವು ವಂಶವಾಹಿಗಳ ಆಧಾರದಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಎರಡೂ ಒಂದೇ ಎಂದು ತಿಳಿಯಿತು. ಒಂದೇ ಪ್ರಭೇದಕ್ಕೆ ಎರಡು ಹೆಸರಿದ್ದರೆ ಮೊದಲು ಪ್ರಕಟವಾದದ್ದು ನಿಲ್ಲುತ್ತದೆ. ಇದರ ಹಿಂದೆಯೇ ಇನ್ನೊಂದು ಬದಲಾವಣೆಯೂ ಆಯಿತು: ಲೈಂಗಿಕ ಹಂತಕ್ಕೆ ಗ್ಲೋಮರೆಲ್ಲಾ, ಇನ್ನೊಂದು ಹಂತಕ್ಕೆ ಕೊಲೆಟೋಟ್ರೈಕಂ ಎಂದು ಒಂದೇ ಜೀವಿಗೆ ಎರಡು ಕುಲನಾಮ ಇಡುವ ಪದ್ಧತಿಗೆ 2011ರ ಮೆಲ್ಬರ್ನ್ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ಮುಕ್ತಾಯ ಹೇಳಿತು. ಈಗ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು.

ಹೆಸರಿನ ಬದಲಾವಣೆಯಿಂದ ನಿಮ್ಮ ಹೊಲಕ್ಕೂ ಒಂದು ತಿಳಿವಳಿಕೆ ಸಿಗುತ್ತದೆ. ಸೋಯಾ ಅವರೆಗೆ ಚಿಬ್ಬು ರೋಗ ತರುವುದೂ ಇದೇ ಟ್ರಂಕೇಟಂ. ರೋಗ ಬಿದ್ದ ಸೋಯಾದ ಕಸವನ್ನು ಮೆಣಸಿನ ಹೊಲದ ಬದುವಿನಲ್ಲಿ ಬಿಡಬೇಡಿ. ಇನ್ನೊಂದು ಮಾತು: ಎಲ್ಲ ಹಣ್ಣು ಕೊಳೆಗೂ ಇದೊಂದೇ ಕಾರಣವಲ್ಲ. ಬೀಜಕ ನೇರವಾಗಿ ಕೊಳವೆಯಂತಿದ್ದರೆ ಅದು ಗ್ಲಿಯೋಸ್ಪೋರಿಯಾಯ್ಡಿಸ್ ಗುಂಪಿನದಾಗಿರಬಹುದು. ಒಂದೇ ಪ್ರಭೇದವೆಂದುಕೊಂಡಿದ್ದ ಆ ಗುಂಪನ್ನು 2012ರಲ್ಲಿ 22 ಪ್ರಭೇದಗಳಾಗಿ ಬಿಡಿಸಲಾಯಿತು. ಅಲ್ಲಿ ಐಟಿಎಸ್ ಒಂದೇ ಸಾಲದು, ಬೀಜಕದ ಆಕಾರವೂ ಸಾಲದು, ಜಿಎಪಿಡಿಎಚ್‌ನಂಥ ಬೇರೆ ವಂಶವಾಹಿಗಳನ್ನೂ ಓದಬೇಕು. ಎಲ್ಲ ಪ್ರಭೇದಗಳೂ ಒಂದೇ ಔಷಧಿಗೆ ಒಂದೇ ರೀತಿ ಬಗ್ಗುವುದಿಲ್ಲ. ಸಿಂಪಡಿಸಿದರೂ ರೋಗ ಹತೋಟಿಗೆ ಬಾರದಿದ್ದರೆ ಪ್ರಮಾಣ ಹೆಚ್ಚಿಸುವ ಮೊದಲು ಕಾಯಿಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ಶಾಸ್ತ್ರ ವಿಭಾಗದವರಿಗೆ ತೋರಿಸಿ.

ಪ್ರಶ್ನೆ: ಡಿಎನ್‌ಎ ಪರೀಕ್ಷೆಯಿಂದ ಅಣಬೆ ತಿನ್ನಲು ಯೋಗ್ಯವೇ ಎಂದು ತಿಳಿಯುತ್ತದೆಯೇ? ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು ಎನ್ನುವುದು ನಿಜವೇ? (ಓದುಗರು, ಹುಬ್ಬಳ್ಳಿ)

ಉತ್ತರ: ಬೆಳ್ಳಿ ಚಮಚದ ಮಾತು ನಿಜವಲ್ಲ, ದಯವಿಟ್ಟು ನಂಬಬೇಡಿ. ಐಟಿಎಸ್ ಅನುಕ್ರಮದಲ್ಲಿ ವಿಷದ ಮಾಹಿತಿ ಇರುವುದಿಲ್ಲ; ಅದು ಹೆಸರಿನ ಕಡೆಗೆ ದಾರಿ ತೋರಿಸುತ್ತದೆ, ಆ ಹೆಸರಿನ ಅಣಬೆ ವಿಷವೋ ಅಲ್ಲವೋ ಎಂಬುದು ಜನರ ಅನುಭವದಿಂದ ಮತ್ತು ರಾಸಾಯನಿಕ ಪರೀಕ್ಷೆಯಿಂದ ಗೊತ್ತಾದ ಸಂಗತಿ. ನಮ್ಮ ಕಡೆಯವರು ಆಸೆಯಿಂದ ಕಾಯುವ ಹುತ್ತದ ಅಣಬೆ, ಎಂದರೆ ಟರ್ಮಿಟೋಮೈಸಿಸ್, ನೆಲದೊಳಗೆ ಗೆದ್ದಲಿನ ಗೂಡಿನವರೆಗೆ ಬೇರಿನಂಥ ಉದ್ದ ಕಾಂಡ ಇಳಿಸಿರುತ್ತದೆ. ಅದರ ಬೀಜಕದ ಅಚ್ಚು ನಸುಗುಲಾಬಿ. ಹುಲ್ಲುಹಾಸಿನಲ್ಲಿ ಏಳುವ ಕ್ಲೋರೋಫಿಲ್ಲಂ ಮಾಲಿಬ್ಡೈಟಿಸ್‌ಗೆ ಆ ಬೇರಿಲ್ಲ, ಕಾಂಡದ ಮೇಲೆ ಉಂಗುರವಿದೆ, ಬೀಜಕದ ಅಚ್ಚು ಹಸಿರು. ಅದನ್ನು ತಿಂದವರು ವಾಂತಿ ಭೇದಿಯಿಂದ ಬಳಲುತ್ತಾರೆ. ಮೇಲೆ ಹೇಳಿದ ಲೆಪಿಯೋಟಾಗಳಲ್ಲಿ ಕೆಲವು ಯಕೃತ್ತನ್ನೇ ಹಾಳುಮಾಡುವ ವಿಷದವು. ಆ ವಿಷ ಬೇಯಿಸಿದರೂ ಹೋಗುವುದಿಲ್ಲ, ಲಕ್ಷಣಗಳು ಕಾಣಿಸಲು ಆರು ತಾಸಿಗಿಂತ ಹೆಚ್ಚೇ ಹಿಡಿಯುತ್ತದೆ. ಗುರುತು ಖಚಿತವಿಲ್ಲದ ಅಣಬೆಯನ್ನು ಒಲೆಯ ಮೇಲೆ ಇಡಲೇಬೇಡಿ.

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಮಕ್ಕಳೊಂದಿಗೆ ಕಪ್ಪತಗುಡ್ಡದ ಸುತ್ತಲಿನ ಅಣಬೆಗಳನ್ನು ಸಂಗ್ರಹಿಸಿ ತಜ್ಞರಿಗೆ ಕಳಿಸಬೇಕೆಂದಿದ್ದೇನೆ. ಹೇಗೆ ಕಾಯ್ದಿಡಬೇಕು? (ಓದುಗರು, ಮುಂಡರಗಿ)

ಉತ್ತರ: ಕಪ್ಪತಗುಡ್ಡ ವನ್ಯಜೀವಿಧಾಮವಾಗಿರುವುದರಿಂದ ಅದರ ಗಡಿಯೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಕೀಳಬಾರದು. ಶಾಲೆಯ ಅಂಗಳ, ಹೊಲದ ಬದು, ಊರ ಗುಂಡುತೋಪಿನಿಂದ ಆರಂಭಿಸಿ. ಅಣಬೆಯನ್ನು ಮುರಿಯದೆ ಚಾಕುವಿನಿಂದ ಬುಡಸಮೇತ ಎಬ್ಬಿಸಿ, ಕಾಗದದಲ್ಲಿ ಸುತ್ತಿ ಬುಟ್ಟಿಯಲ್ಲಿಡಿ; ಪ್ಲಾಸ್ಟಿಕ್ ಚೀಲ ಬೇಡ. ಒಣಗಿದ ಮೇಲೆ ಬಣ್ಣವೂ ವಾಸನೆಯೂ ಹೋಗುವುದರಿಂದ ಅವನ್ನೂ, ಕೊಯ್ದಲ್ಲಿ ಬಣ್ಣ ತಿರುಗುತ್ತದೆಯೇ ಎಂಬುದನ್ನೂ, ದಿನಾಂಕ, ಜಾಗ, ಹತ್ತಿರದ ಮರ ಇವನ್ನೂ ಅಂದೇ ಬರೆಯಿರಿ. ಮಕ್ಕಳಿಗೆ ಬೀಜಕದ ಅಚ್ಚು ತೆಗೆಯಲು ಹೇಳಿ: ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಟೋಪಿಯನ್ನು ಕಿವಿರು ಕೆಳಮುಖವಾಗಿ ಇಟ್ಟು, ಲೋಟ ಮುಚ್ಚಿ, ರಾತ್ರಿಯಿಡೀ ಬಿಡುವುದು. ಉಳಿದ ಅಣಬೆಗಳನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಮುರುಕಿನಂತೆ ಮುರಿಯುವವರೆಗೆ ಒಣಗಿಸಿ. ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟರೆ ಆಕಾರ ಉಳಿದೀತು, ಡಿಎನ್‌ಎ ಕೆಡುತ್ತದೆ. ಒಣಗಿದ್ದನ್ನು ಕಾಗದದ ಲಕೋಟೆಯಲ್ಲಿಟ್ಟು, ಲಕೋಟೆಗೆ, ಟಿಪ್ಪಣಿಗೆ, ಫೋಟೊಗೆ ಒಂದೇ ಸಂಖ್ಯೆ ಹಾಕಿ. ಅಚ್ಚಿನ ಕಾಗದವನ್ನು ಮಡಚಿ, ಅದರ ಮೇಲೂ ಆ ಸಂಖ್ಯೆ ಬರೆದು, ಅದೇ ಲಕೋಟೆಯೊಳಗೆ ಇಡಿ.