ರಜೆಯೆಲ್ಲ ಶಿಬಿರವಾದರೆ ರಜೆ ಯಾವಾಗ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮಗನಿಗೆ ಎಂಟು ವರ್ಷ. ನಾನೂ ನನ್ನ ಪತಿಯೂ ಕೆಲಸಕ್ಕೆ ಹೋಗುವುದರಿಂದ ಹಗಲು ಹೊತ್ತು ಅವನನ್ನು ನೋಡಿಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲ. ಆದ್ದರಿಂದ ಬೆಳಿಗ್ಗೆ ಈಜು, ಅನಂತರ ಚಿತ್ರಕಲೆ ಮತ್ತು ರೋಬೋಟಿಕ್ಸ್, ಸಂಜೆ ಕರಾಟೆ ಎಂದು ಮೇ ಕೊನೆಯವರೆಗೂ ಹಣ ಕಟ್ಟಿದ್ದೇವೆ. ತೀರ್ಥಹಳ್ಳಿಯಲ್ಲಿರುವ ಅತ್ತೆಯವರು ‘ಮಗುವನ್ನು ಇಲ್ಲಿಗೆ ಕಳುಹಿಸಿ, ಆಡಿಕೊಂಡಿರಲಿ’ ಎನ್ನುತ್ತಾರೆ. ಮಗ ‘ನನಗೆ ರಜೆ ಯಾವಾಗ?’ ಎಂದು ಕೇಳುತ್ತಾನೆ. ಸುಮ್ಮನೆ ಬಿಟ್ಟರೆ ಮೊಬೈಲ್ ಹಿಡಿದು ಕೂರುತ್ತಾನೆಂಬ ಭಯ ನಮ್ಮದು. ಏನು ಮಾಡಬೇಕು?
– ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ಮೊದಲಿಗೆ ಸಂಕೋಚವನ್ನು ಬಿಡಿ. ಇಬ್ಬರೂ ದುಡಿಯುವ ಮನೆಯಲ್ಲಿ ಬೇಸಿಗೆ ಶಿಬಿರವೆಂದರೆ ಕಲಿಕೆಗಿಂತ ಹೆಚ್ಚಾಗಿ ಹಗಲಿನ ಆಸರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆಸರೆಗಾಗಿಯೇ ಆದರೆ ಬಿಗಿಯಿಲ್ಲದ ಒಂದು ಶಿಬಿರ ಸಾಕಿತ್ತು. ನೀವು ಹಣ ಕಟ್ಟಿರುವುದು ನಾಲ್ಕು ತರಗತಿಗಳಿಗೆ. ಅಲ್ಲಿ ವೇಳಾಪಟ್ಟಿ, ಹಾಜರಿ, ಪ್ರಮಾಣಪತ್ರ ಎಲ್ಲವೂ ಇವೆ, ಶಾಲೆಯೆಂಬ ಹೆಸರೊಂದಿಲ್ಲ ಅಷ್ಟೆ. ನಿಮ್ಮ ಮಗನ ಪ್ರಶ್ನೆ ನ್ಯಾಯವಾದದ್ದೇ.

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ ರಜೆ ಇರುತ್ತದೆ. ಮೊದಲ ಮೂರು ವಾರ ಒಂದು ಶಿಬಿರ ಮತ್ತು ಈಜು ಇರಲಿ. ಮೇ ತಿಂಗಳಲ್ಲಿ ಕನಿಷ್ಠ ಎರಡು ವಾರ ತೀರ್ಥಹಳ್ಳಿಗೆ ಕಳುಹಿಸಿ. ಶಾಲೆ ತೆರೆಯುವ ಮುಂಚಿನ ಕೆಲವು ದಿನ ನೀವಿಬ್ಬರೂ ಸರದಿಯಲ್ಲಿ ರಜೆ ಹಾಕಿ ಅವನೊಡನೆ ಮನೆಯಲ್ಲಿರಿ. ಉಳಿದ ತರಗತಿಗಳ ಹಣ ಹಿಂದಕ್ಕೆ ಬರದಿದ್ದರೆ ಹೋಗಲಿ. ಕಟ್ಟಿದ ಹಣ ದಂಡವಾಗಬಾರದೆಂದು ಮಗುವನ್ನು ಕಳುಹಿಸಿದರೆ ಹಣದ ಜೊತೆಗೆ ರಜೆಯೂ ಹೋಗುತ್ತದೆ. ಈಜನ್ನು ಮಾತ್ರ ಬಿಡಿಸಬೇಡಿ. ಕಾರಣವನ್ನು ಹಿರಿಯೂರಿನ ಓದುಗರಿಗೆ ಕೊಟ್ಟಿರುವ ಉತ್ತರದಲ್ಲಿ ನೋಡಬಹುದು.

ಎರಡು ವಾರ ಎಂದು ಒತ್ತಿ ಹೇಳುವುದೇಕೆಂದರೆ, ವರ್ಷವಿಡೀ ವೇಳಾಪಟ್ಟಿಯಂತೆ ನಡೆದ ಮಗು ಬಿಡುವು ಸಿಕ್ಕ ಮೊದಲ ಕೆಲವು ದಿನ ಏನು ಮಾಡಬೇಕೆಂದು ತಿಳಿಯದೆ ‘ಬೋರ್ ಆಗ್ತಿದೆ’ ಎಂದು ಹಿರಿಯರ ಬೆನ್ನು ಹತ್ತುತ್ತದೆ. ಹೆಚ್ಚಿನ ಮನೆಗಳಲ್ಲಿ ಮಗುವಿನ ಕೈಗೆ ಮೊಬೈಲ್ ಬರುವುದು ಆ ಹೊತ್ತಿನಲ್ಲೇ. ಆ ಕೆಲವು ದಿನ ಹಿರಿಯರು ತಡೆದುಕೊಂಡರೆ ಮಗು ತಾನಾಗಿ ಏನಾದರೊಂದಕ್ಕೆ ಕೈಹಾಕುತ್ತದೆ: ಬಚ್ಚಲ ನೀರು ಹರಿಯುವ ಕಾಲುವೆಗೆ ಮಣ್ಣಿನ ಅಣೆಕಟ್ಟು ಕಟ್ಟುವುದು, ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಅಂಗಳದ ತುಂಬ ಎಳೆಯುವುದು, ಎಳೆಯುವ ಸರದಿ ಯಾರದೆಂದು ಜಗಳವಾಡುವುದು, ಜಗಳ ಮುಗಿಸಲು ತಾವೇ ಹೊಸ ನಿಯಮ ಮಾಡಿಕೊಳ್ಳುವುದು. ಈ ಕೊನೆಯದು ಶಿಬಿರದಲ್ಲಿ ಸಿಗುವುದು ಕಷ್ಟ, ಏಕೆಂದರೆ ಅಲ್ಲಿ ಜಗಳ ಬಿಡಿಸಲು ಶಿಕ್ಷಕರು ಇದ್ದೇ ಇರುತ್ತಾರೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಆರೇಳು ವರ್ಷದ 70 ಮಕ್ಕಳ ದಿನಚರಿಯನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವೇ ಆರಿಸಿಕೊಂಡ ಚಟುವಟಿಕೆಗಳಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳು, ಯಾರೂ ಸೂಚನೆ ಕೊಡದೆ ತಾವೇ ಯೋಚಿಸಿ ಮುಂದುವರಿಯಬೇಕಾದ ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದಿದ್ದರು. ಸಣ್ಣ ಅಧ್ಯಯನವದು, ಬಿಡುವೇ ಅದಕ್ಕೆ ಕಾರಣವೆಂದು ಅದು ಸಾಧಿಸಿಲ್ಲ. ಆದರೂ ನಿಮ್ಮ ಅತ್ತೆಯವರ ಮಾತನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವಂತಿಲ್ಲ ಎನ್ನಲು ಅಷ್ಟು ಸಾಕು.

ಇನ್ನು ಮೊಬೈಲಿನ ಭಯ. ಸಂಜೆ ಏಳಕ್ಕೆ ಕರಾಟೆ ಮುಗಿಸಿ ಸುಸ್ತಾಗಿ ಬಂದ ಮಗುವಿನಿಂದ ಕೂತಲ್ಲೇ ಆಗುವ ಕೆಲಸವೆಂದರೆ ಮೊಬೈಲ್ ನೋಡುವುದೊಂದೇ. ಆದ್ದರಿಂದ ಶಿಬಿರ ಹೆಚ್ಚಾದಷ್ಟೂ ಈ ಭಯ ಕಡಿಮೆಯಾಗುತ್ತದೆಂದು ತಿಳಿಯಬೇಡಿ. ಬಿಡುವಿನಲ್ಲಿ ಆಟ ಹುಟ್ಟಬೇಕಾದರೆ ಓರಗೆಯವರು ಒಬ್ಬಿಬ್ಬರು ಬೇಕು, ಕೊಳೆ ಮಾಡಿದರೂ ಯಾರೂ ಬೈಯದಂಥ ಜಾಗ ಬೇಕು, ಕೂಗಿದರೆ ಕೇಳುವಷ್ಟು ದೂರದಲ್ಲಿ ದೊಡ್ಡವರೊಬ್ಬರು ಬೇಕು. ಇವು ಯಾವುವೂ ಇಲ್ಲದ, ಬಾಗಿಲು ಮುಚ್ಚಿದ ಫ್ಲಾಟಿನಲ್ಲಿ ‘ಆಡಿಕೋ’ ಎಂದು ಬಿಟ್ಟರೆ ಮಗು ಮೊಬೈಲ್ ಹಿಡಿಯದೆ ಇನ್ನೇನು ಮಾಡೀತು? ಬೆಂಗಳೂರಿನ ದಿನಗಳಿಗಾಗಿ ನೆರೆಯ ಎರಡು ಮೂರು ಮನೆಯವರೊಡನೆ ಮಾತಾಡಿ, ಸರದಿಯಂತೆ ಒಬ್ಬೊಬ್ಬರು ಸಂಜೆ ಮಕ್ಕಳನ್ನೆಲ್ಲ ಪಾರ್ಕಿಗೆ ಕರೆದೊಯ್ಯುವ ಏರ್ಪಾಡು ಮಾಡಿಕೊಳ್ಳಿ. ಕರೆದೊಯ್ದವರು ಬೆಂಚಿನ ಮೇಲೆ ಕೂತಿದ್ದರೆ ಸಾಕು, ಆಟ ಹೇಳಿಕೊಡಲು ಹೋಗಬಾರದು.

ಪ್ರಶ್ನೆ: ಮಗಳು ಎಂಟನೇ ತರಗತಿ ಮುಗಿಸಿದ್ದಾಳೆ. ಬೆಳಿಗ್ಗೆ ಒಂಬತ್ತನೇ ತರಗತಿಯ ಕೋಚಿಂಗ್ ಇದೆ. ಮಧ್ಯಾಹ್ನದ ನಂತರ ಸ್ಪೋಕನ್ ಇಂಗ್ಲಿಷ್ ಶಿಬಿರಕ್ಕೂ ಸೇರಿಸಬೇಕೆಂದಿದ್ದೇನೆ. ಅವಳು ಬೇಡವೆನ್ನುತ್ತಾಳೆ. ಅವಳ ಅಣ್ಣ ಸಂಜೆಯೆಲ್ಲ ಕ್ರಿಕೆಟ್ ಆಡುತ್ತಾನೆ. ಇವಳು ಅಮ್ಮನಿಗೆ ಸಹಾಯ ಮಾಡಿಕೊಂಡು ಮನೆಯಲ್ಲೇ ಇರುತ್ತಾಳೆ, ಹೊತ್ತು ವ್ಯರ್ಥವಾಗುತ್ತಿದೆ ಎನಿಸುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ನೀವೇ ಇನ್ನೊಮ್ಮೆ ಓದಿ. ಬೆಳಿಗ್ಗೆ ಕೋಚಿಂಗ್, ಮಧ್ಯಾಹ್ನ ಶಿಬಿರ, ಸಂಜೆ ಅಡುಗೆಮನೆ ಎಂದಾದರೆ ಅವಳದೇ ಎನ್ನಬಹುದಾದ ಹೊತ್ತು ಯಾವುದು? ಮನೆಗೆಲಸ ಕಲಿಯುವುದು ಒಳ್ಳೆಯದೇ, ಆದರೆ ಅದನ್ನು ಬಿಡುವಿನ ಲೆಕ್ಕಕ್ಕೆ ಹಾಕಬಾರದು, ಮತ್ತು ಅಣ್ಣನಿಗೂ ಅದರಲ್ಲಿ ಪಾಲಿರಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯು ವಿಶ್ರಾಂತಿ, ಬಿಡುವು ಮತ್ತು ಆಟಗಳನ್ನು ಮಕ್ಕಳ ಹಕ್ಕೆಂದೇ ಹೇಳುತ್ತದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿದೆ. ಅದು ಗಂಡುಮಕ್ಕಳಿಗೆ ಮಾತ್ರವೆಂದು ಅಲ್ಲಿ ಬರೆದಿಲ್ಲ.

ಇಂಗ್ಲಿಷ್ ಶಿಬಿರವನ್ನು ಈ ವರ್ಷ ಕೈಬಿಡಿ. ಕೋಚಿಂಗ್ ಕೂಡ ಏಪ್ರಿಲ್‌ನಿಂದಲೇ ಬೇಕೇ ಎಂದು ಅವಳ ಶಾಲೆಯ ಶಿಕ್ಷಕರನ್ನೊಮ್ಮೆ ಕೇಳಿ. ಮೇ ನಡುವಿನಿಂದ ಆರಂಭಿಸಿದರೂ ಒಂಬತ್ತನೇ ತರಗತಿಗೆ ಏನೂ ತಡವಾಗದು ಎಂಬುದು ನನ್ನ ಅಭಿಪ್ರಾಯ. ಈ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಆದ್ದರಿಂದ ತಡವಾಗಿ ಏಳುತ್ತಾಳೆಂದು ಗೊಣಗಬೇಡಿ. ಗೆಳತಿಯರೊಡನೆ ಸಿಟಿ ಬಸ್ಸಿನಲ್ಲಿ ಗ್ರಂಥಾಲಯಕ್ಕೋ ಪೇಟೆಗೋ ಹೋಗಿಬರುತ್ತೇನೆಂದರೆ, ಹಿಂತಿರುಗುವ ಹೊತ್ತನ್ನು ಗೊತ್ತುಮಾಡಿ ಕಳುಹಿಸಿ.

ಪ್ರಶ್ನೆ: ಬೇಸಿಗೆಗೆ ಐವರು ಮೊಮ್ಮಕ್ಕಳು ಬರುತ್ತಾರೆ. ಹೊಲದಲ್ಲಿ ಕೃಷಿ ಹೊಂಡವಿದೆ, ಅದರ ಕಡೆಗೇ ಓಡುತ್ತಾರೆ. ಬೈದು ಮನೆಯಲ್ಲಿ ಕೂರಿಸಿದರೆ ಬೇಸರವೆಂದು ಟಿ.ವಿ. ಹಚ್ಚುತ್ತಾರೆ. ‘ನಿಮ್ಮೂರಲ್ಲಿ ಶಿಬಿರ ಇಲ್ಲವೇ?’ ಎಂದು ಸೊಸೆ ಕೇಳುತ್ತಾಳೆ.
– ಒಬ್ಬ ಅಜ್ಜ, ಹಿರಿಯೂರು ತಾಲ್ಲೂಕು

ಉತ್ತರ: ಹಿರಿಯರೇ, ಶಿಬಿರದ ಮಾತು ಆಮೇಲೆ, ಮೊದಲು ಹೊಂಡದ ಮಾತು. ಕೃಷಿಭಾಗ್ಯ ಯೋಜನೆ ಬಂದ 2014ರಿಂದೀಚೆಗೆ ಬಯಲುಸೀಮೆಯ ಹೊಲಗಳಲ್ಲಿ ಇಂಥ ಹೊಂಡಗಳು ಹೆಚ್ಚಿವೆ. ಕೆರೆಯ ದಂಡೆಯಲ್ಲಿ ಕಲ್ಲೋ ಬೇರೋ ಕೈಗೆ ಸಿಗಬಹುದು. ಪಾಲಿಥೀನ್ ಹಾಳೆ ಹೊದಿಸಿದ ಹೊಂಡದ ಇಳಿಜಾರಿನಲ್ಲಿ ಹಿಡಿಯಲು ಏನೂ ಇರುವುದಿಲ್ಲ. ನೀರು ತಾಗಿ ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲು ಜಾರಿದರೆ, ಎತ್ತರಕ್ಕೆ ಬೆಳೆದ ಹುಡುಗನೂ ಮೇಲೆ ಹತ್ತಿ ಬರಲಾರ. ಅವನನ್ನು ಎಳೆಯಲು ಇಳಿದವನೂ ಜಾರುತ್ತಾನೆ. ಪ್ರತಿ ಬೇಸಿಗೆಯಲ್ಲೂ ಹೀಗೆ ಮಕ್ಕಳು ಜೊತೆಜೊತೆಯಾಗಿ ಮುಳುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಮಕ್ಕಳು ಬರುವ ಮುನ್ನವೇ ಸುತ್ತಲೂ ತಂತಿಬೇಲಿ ಹಾಕಿಸಿ, ಗೇಟಿಗೆ ಬೀಗ ಹಾಕಿ; ನಾಲ್ಕೂ ಬದಿಯಲ್ಲಿ ಗೂಟಕ್ಕೆ ಬಿಗಿದ ಗಂಟುಹಗ್ಗಗಳು ನೀರಿನವರೆಗೂ ಇಳಿಬಿದ್ದಿರಲಿ, ಗಾಳಿ ತುಂಬಿದ ಟೈರಿನ ಟ್ಯೂಬೊಂದು ದಡದಲ್ಲಿರಲಿ. ಯಾರಾದರೂ ಬಿದ್ದರೆ ಇಳಿಯಬಾರದು, ಹಗ್ಗವನ್ನೋ ಟ್ಯೂಬನ್ನೋ ಎಸೆದು ಕೂಗಬೇಕು ಎಂದು ಮಕ್ಕಳಿಗೆ ದಡದಲ್ಲಿ ನಿಲ್ಲಿಸಿಯೇ ತೋರಿಸಿಕೊಡಿ. ಈಜು ಬಂದರೂ ಈ ಎಚ್ಚರಿಕೆ ಬೇಕೇ ಬೇಕು, ಆದರೆ ಈಜು ಬಾರದವರಿಗೆ ಒಂದು ಗಳಿಗೆಯೂ ಸಿಗುವುದಿಲ್ಲ.

ಇಷ್ಟಾದ ಮೇಲೆ ಉಳಿದದ್ದು ಸುಲಭ. ಊರಿನ ಮಕ್ಕಳು ಇವರನ್ನು ಸೇರಿಸಿಕೊಳ್ಳುವುದಕ್ಕೆ ಎರಡು ದಿನ ಕೊಡಿ. ಲಗೋರಿಗೆ ಕಲ್ಲು ಆರಿಸುವಷ್ಟರಲ್ಲಿ ಪರಿಚಯವಾಗಿರುತ್ತದೆ. ಬಿಸಿಲೇರಿದ ಮೇಲೆ ನಾಲ್ಕು ಗಂಟೆಯವರೆಗೂ ನೆರಳಿನಲ್ಲಿ ಚೌಕಾಬಾರಾ ಆಡಲಿ, ಬೇಕಿದ್ದರೆ ನೀವೂ ಒಂದು ಕೈ ಹಿಡಿಯಿರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಊರಿನ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುತ್ತಿದೆ. ಅವರ ಜೊತೆಯಲ್ಲಿ ಇವರನ್ನೂ ಕಳುಹಿಸಿ. ಸೊಸೆಯವರು ಕೇಳಿದ ಶಿಬಿರಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಪ್ರಶ್ನೆ: ಒಳ್ಳೆಯ ಶಿಬಿರವನ್ನು ಗುರುತಿಸುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ನಿಮ್ಮ ಊರಿನ ರಂಗಾಯಣವು ಬೇಸಿಗೆಯಲ್ಲಿ ನಡೆಸುವ ‘ಚಿಣ್ಣರ ಮೇಳ’ದ ಅಂಗಳದಲ್ಲಿ ಅರ್ಧ ಗಂಟೆ ನಿಂತು ನೋಡಿ. ಹಾಡು, ನಾಟಕ, ಕರಕುಶಲದಂಥ ಗುಂಪಿನ ಕೆಲಸಗಳಲ್ಲಿ ಮಗು ಏನು ಮಾಡುತ್ತಿದೆ ಎಂಬುದನ್ನು ನೋಡುವ ಅಭ್ಯಾಸ ಅಲ್ಲಿ ಆಗುತ್ತದೆ. ಬೇರೆ ಯಾವ ಶಿಬಿರಕ್ಕೇ ಹೋದರೂ ಕೊನೆಯ ದಿನದ ಪ್ರದರ್ಶನಕ್ಕೆ ಎಷ್ಟು ದಿನದ ತಾಲೀಮು ಎಂದು ಕೇಳಿ. ಅರ್ಧಕ್ಕಿಂತ ಹೆಚ್ಚು ಎಂದರೆ ಅದು ಪೋಷಕರ ಮೊಬೈಲ್ ಕ್ಯಾಮೆರಾಗಳಿಗಾಗಿ ನಡೆಯುವ ಶಿಬಿರ. ನೆರಳು, ಕುಡಿಯುವ ನೀರು, ಶೌಚಾಲಯಗಳನ್ನು ಕಣ್ಣಾರೆ ನೋಡಿ, ಸಿಬ್ಬಂದಿಯ ಹಿನ್ನೆಲೆಯನ್ನು ಪರಿಶೀಲಿಸಿದ್ದಾರೆಯೇ ಎಂದು ವಿಚಾರಿಸಿ, ಮಕ್ಕಳ ಸಹಾಯವಾಣಿ 1098 ಅನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ‘ಒಳಗೆ ಬಂದು ನೋಡುವಂತಿಲ್ಲ’ ಎಂದವರ ಬಳಿ ಮಗುವನ್ನು ಬಿಡಬೇಡಿ.

ಪ್ರಶ್ನೆ: ದುಬೈನಲ್ಲಿರುವ ನಮಗೆ ಮಕ್ಕಳ ದೊಡ್ಡ ರಜೆ ಜುಲೈ–ಆಗಸ್ಟ್‌ನಲ್ಲಿ. ಉಡುಪಿಗೆ ಬಂದರೆ ಜಡಿಮಳೆ, ಊರಿನ ಮಕ್ಕಳಿಗೆ ಶಾಲೆ. ಇಲ್ಲೇ ಒಳಾಂಗಣದ ಶಿಬಿರಕ್ಕೆ ಸೇರಿಸುವುದು ಮೇಲಲ್ಲವೇ?
– ಓದುಗರು, ದುಬೈ

ಉತ್ತರ: ಎರಡು ವಾರ ಅಲ್ಲಿ ಸೇರಿಸಿ, ಉಳಿದ ದಿನಗಳಿಗೆ ಊರಿಗೆ ಬನ್ನಿ. ನೀವು ಬರುವ ಹೊತ್ತು ತುಳುನಾಡಿನ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹೊರಗೆ ಕಾಲಿಡಲಾಗದ ಆ ದಿನಗಳಿಗೆಂದೇ ಹಿರಿಯರು ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸುತ್ತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಆರು ವರ್ಷದ ಮಗುವೂ ಒಂದು ಮಧ್ಯಾಹ್ನದಲ್ಲಿ ಕಲಿತು ಮರುದಿನ ಅಜ್ಜಿಯನ್ನು ಸೋಲಿಸಲು ನೋಡುತ್ತದೆ. ಸಂಜೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಶಾಲೆಯಿಂದ ಬಂದ ಮೇಲೆ ಒಂದೆರಡು ಗಂಟೆ ಮನೆ ತಾನಾಗಿ ತುಂಬುತ್ತದೆ. ಬರುವಾಗ ಆಟಿಕೆಗಳನ್ನು ತುಂಬಿಕೊಂಡು ಬರಬೇಡಿ. ಎರಡು ಜೊತೆ ಹೆಚ್ಚಿನ ಬಟ್ಟೆ ತನ್ನಿ, ಮಳೆಗಾಲದಲ್ಲಿ ಒಗೆದದ್ದು ಬೇಗ ಒಣಗುವುದಿಲ್ಲ.