ಆ ರೀಡರ್ ಬೈಂಡ್ ಮಾಡಿಸುವ ಮೊದಲು ಸ್ವಲ್ಪ ನಿಲ್ಲಿ ಮೇಡಂ

ಮೇಡಂ, ನಿಮ್ಮ ಪೋಸ್ಟ್ ಓದಿ ಎದೆ ಧಸಕ್ ಅಂತು. ಸ್ಟ್ಯಾಟಿಸ್ಟಿಕ್ಸ್ ಪೇಪರ್‌ಗೆ ರೀಡರ್ (ಹುಡುಗರಿಗೆ ಓದೋಕೆ ಕೊಡುವ ಪಾಠಗಳ ಸಂಗ್ರಹ) ಮಾಡೋಕೆ ಆರು ಕಡೆಯಿಂದ ಪಿಡಿಎಫ್ ಇಳಿಸಿಕೊಂಡು, ಚೆನ್ನಾಗಿರುವ ಪ್ಯಾರಾಗಳನ್ನು ಎತ್ತಿ ಜೋಡಿಸಿ, ಎರಡು ಯೂನಿಟ್ ಮುಗಿಸಿದ್ದೀರಿ. "ಎಲ್ಲಾ ಫ್ರೀನೇ, ಮುಂದಿನ ಸೆಮಿಸ್ಟರ್ ಬೇರೆ ಕಾಲೇಜಿನವರಿಗೂ ಕೊಡಬೇಕು, ಇನ್ನೂ ಒಳ್ಳೆಯ ಸೈಟ್ ಇದ್ದರೆ ಹೇಳಿ" ಅಂತ ಕೇಳಿದ್ದೀರಿ. ಸೈಟ್ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಮೂರನೇ ಯೂನಿಟ್‌ಗೆ ಕೈ ಹಾಕಬೇಡಿ. ಇದೇ ಪೇಪರ್‌ಗೆ ಇದೇ ಕೆಲಸ ಮಾಡಿ ನಾನು ಒಂದು ಇಡೀ ರಜೆ ಕಳೆದುಕೊಂಡವನು.

ನನ್ನದು 140 ಪುಟದ ರೀಡರ್. ಓಪನ್‌ಇಂಟ್ರೊ ಅನ್ನುವ ಉಚಿತ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದಿಂದ ಒಂದಷ್ಟು, ಎಂಐಟಿಯವರು ನೆಟ್‌ನಲ್ಲಿ ಉಚಿತವಾಗಿ ಬಿಟ್ಟ ಓಪನ್‌ಕೋರ್ಸ್‌ವೇರ್ ನೋಟ್ಸ್‌ನಿಂದ ಒಂದಷ್ಟು, ಯಾರೋ ಪ್ರೊಫೆಸರ್ ತಮ್ಮ ಪೇಜಿನಲ್ಲಿ ಹಾಕಿದ್ದ ಪಿಡಿಎಫ್‌ನಿಂದ ಒಂದಷ್ಟು. ಬೇರೆ ಬೇರೆ ಅಧ್ಯಾಯವಾಗಿ ಇಟ್ಟಿದ್ದರೆ ಬಚಾವಾಗುತ್ತಿದ್ದೆ. ನಾನೋ ಜಾಣ ಅಂದುಕೊಂಡು ಒಂದೇ ಪ್ಯಾರಾದಲ್ಲಿ ಇವರ ಎರಡು ವಾಕ್ಯ, ಅವರ ಮೂರು ವಾಕ್ಯ ಸೇರಿಸಿ ನುಣ್ಣಗೆ ತಿದ್ದಿದ್ದೆ. ಓದೋಕೆ ತುಂಬಾ ಚೆನ್ನಾಗಿತ್ತು. ಆಮೇಲೆ ಒಬ್ಬ ಗೆಳೆಯ "ಇದನ್ನು ನಾನೂ ಬಳಸಲಾ, ಯಾವ ಲೈಸೆನ್ಸ್ ಹಾಕಿದ್ದೀಯ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾಕೆ ಅಂದರೆ ಓಪನ್‌ಇಂಟ್ರೊ ಬೈ-ಎಸ್‌ಎ, ಓಪನ್‌ಕೋರ್ಸ್‌ವೇರ್ ಬೈ-ಎನ್‌ಸಿ-ಎಸ್‌ಎ. ಇವು ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸ್‌ಗಳು, ಅಂದರೆ ಷರತ್ತು ಹಾಕಿ ಬರೆದವರೇ ಮೊದಲೇ ಕೊಟ್ಟಿಟ್ಟ ಅನುಮತಿ. ಬೈ ಅಂದರೆ ಬರೆದವರ ಹೆಸರು ಹೇಳಬೇಕು, ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ, ಎಸ್‌ಎ ಅಂದರೆ ತಿದ್ದಿದ್ದನ್ನೂ ಅದೇ ಲೈಸೆನ್ಸ್ ಅಡಿಯಲ್ಲಿ ಕೊಡಬೇಕು. ಎರಡರಲ್ಲೂ ಎಸ್‌ಎ ಇದೆ, ಹಾಗಾಗಿ ಹೊಂದುತ್ತವೆ ಅಂತ ನಾನೂ ಅಂದುಕೊಂಡಿದ್ದೆ. ಹೊಂದಲ್ಲ. ಒಂದು "ನನ್ನನ್ನು ತಿದ್ದಿದರೆ ಬೈ-ಎಸ್‌ಎ ಅಡಿಯಲ್ಲೇ ಕೊಡು" ಅನ್ನುತ್ತೆ, ಇನ್ನೊಂದು "ಎನ್‌ಸಿ-ಎಸ್‌ಎ ಅಡಿಯಲ್ಲೇ ಕೊಡು" ಅನ್ನುತ್ತೆ. ಬೆರೆಸಿದ ಒಂದೇ ಪ್ಯಾರಾಗೆ ಎರಡು ಲೈಸೆನ್ಸ್ ಹಾಕೋಕೆ ಆಗಲ್ಲ ಅಲ್ವಾ? ಆ ಪ್ರೊಫೆಸರ್ ಪಿಡಿಎಫ್‌ನಲ್ಲಂತೂ ಲೈಸೆನ್ಸೇ ಇರಲಿಲ್ಲ. ಲೈಸೆನ್ಸ್ ಬರೆದಿಲ್ಲ ಅಂದರೆ ಬಿಟ್ಟುಕೊಟ್ಟಿದ್ದಾರೆ ಅಂತ ಅರ್ಥ ಅಲ್ಲ, ಎಲ್ಲಾ ಹಕ್ಕೂ ಅವರ ಹತ್ತಿರವೇ ಇದೆ ಅಂತ. ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ವಾರಕ್ಕೊಬ್ಬರು "ಗೂಗಲ್‌ನಲ್ಲಿ ಸಿಕ್ಕಿತು, ಹಾಗಾಗಿ ಫ್ರೀ" ಅಂತ ಬರೆಯುತ್ತಾರೆ. ದಯವಿಟ್ಟು ಬೇಡ. ಕದ್ದ ಪುಸ್ತಕಗಳ ಸೈಟ್ ಲಿಂಕ್ ಹಾಕುವವರಿಗೂ ಇದೇ ಮಾತು. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಅನ್ನುವವರು ನಾವು.

ಈಗ ನಿಮ್ಮ ಎರಡು ಯೂನಿಟ್ ಉಳಿಸುವ ದಾರಿ. ಬೇರೆ ಬೇರೆ ಲೈಸೆನ್ಸಿನ ತುಂಡುಗಳನ್ನು ಒಂದೇ ಬೈಂಡಿಂಗ್‌ನಲ್ಲಿ ಇಡಬಹುದು, ತೊಂದರೆ ಇಲ್ಲ. ಪ್ರತಿ ತುಂಡೂ ತನ್ನಷ್ಟಕ್ಕೆ ನಿಂತಿರಬೇಕು, ಅದರ ತಲೆಯ ಮೇಲೆ ಅದರ ಲೈಸೆನ್ಸ್ ಇರಬೇಕು. ಅದು ಬರೀ ಸಂಗ್ರಹ. ಕಲಸಿದರೆ ಮಾತ್ರ ತಂಟೆ. ದಾರದಲ್ಲಿ ಕಟ್ಟಿದ್ದನ್ನು ಬಿಚ್ಚಬಹುದು, ಕಲಸಿದ ಬಣ್ಣ ಬಿಡಿಸೋಕೆ ಆಗಲ್ಲ. ಬೈ ಮಾತ್ರ ಇರುವುದನ್ನು ಎಸ್‌ಎ, ಎನ್‌ಸಿ ಇರುವುದರ ಜೊತೆಗೂ ಕಲಸಬಹುದು. ಎನ್‌ಸಿ-ಎಸ್‌ಎ ಜೊತೆ ಕಲಸಿದರೆ ಕೊನೆಗೆ ಎಲ್ಲಾ ಎನ್‌ಸಿ-ಎಸ್‌ಎ ಆಗುತ್ತೆ ಅಷ್ಟೇ. ಎನ್‌ಡಿ ಇರುವುದನ್ನು ಇದ್ದ ಹಾಗೇ ಹಂಚಬಹುದು, ತಿದ್ದಿದ್ದನ್ನು ಹಂಚುವ ಹಾಗಿಲ್ಲ. ಅನುವಾದವೂ ತಿದ್ದುವುದೇ. ಹೋದ ತಿಂಗಳು ಇಲ್ಲಿ ಒಬ್ಬರು ಎನ್‌ಡಿ ಪುಸ್ತಕದ ಒಂದು ಅಧ್ಯಾಯವನ್ನು ಕನ್ನಡಕ್ಕೆ ತಂದು ಹಾಕಿದ್ದರು. ಎಂಥಾ ಚೆಂದದ ಕೆಲಸ, ಪಾಪ, ಕೊನೆಗೆ ತೆಗೆಯಬೇಕಾಯಿತು. ಅನುವಾದಕ್ಕೆ ಕೂರುವ ಮೊದಲು ಬರೆದವರಿಗೊಂದು ಮೇಲ್ ಹಾಕಿ. ಕೇಳಿದರೆ ಒಪ್ಪುವವರು ಜಾಸ್ತಿ ಜನ ಇದ್ದಾರೆ.

ನನ್ನ ಪದ್ಧತಿ ಇದು. ಇದನ್ನು ನೋಡಿ ನಗುವವರಿದ್ದಾರೆ, ನಗಲಿ. ಪೇಸ್ಟ್ ಮಾಡುವ ಮೊದಲು ಒಂದು ಶೀಟ್ ತೆಗೆಯಿರಿ. ಹೆಸರು, ಬರೆದವರು, ಲಿಂಕ್, ಲೈಸೆನ್ಸ್ (ವರ್ಶನ್ ಸಮೇತ, 3.0 ಬೇರೆ 4.0 ಬೇರೆ), ಇಳಿಸಿದ ದಿನ, ನಾನು ಏನು ಬದಲಾಯಿಸಿದೆ. ಆರು ಕಾಲಂ ಸಾಕು. ಸಾಲು ತುಂಬದೆ ಪೇಸ್ಟ್ ಇಲ್ಲ. ನಾಳೆ ತುಂಬುತ್ತೇನೆ ಅಂದರೆ ಮುಗೀತು, ಆ ನಾಳೆ ಬರಲ್ಲ. ಆಮೇಲೆ ಡಾಕ್ಯುಮೆಂಟ್‌ನಲ್ಲಿ ಪೇಸ್ಟ್ ಮಾಡಿದ ತಕ್ಷಣ ಬಣ್ಣ ಹಚ್ಚುತ್ತೇನೆ. ಸಿಸಿ ಝೀರೊ (ಯಾವ ಷರತ್ತೂ ಇಲ್ಲದ್ದು) ಮತ್ತು ಬೈ ಹಸಿರು, ಬೈ-ಎಸ್‌ಎ ಹಳದಿ, ಎನ್‌ಸಿ ಇರುವುದೆಲ್ಲಾ ಗುಲಾಬಿ, ನಾನೇ ಬರೆದದ್ದು ಬಿಳಿ. ಎನ್‌ಡಿ ಒಳಗೇ ಬರಲ್ಲ, ಬರೀ ಲಿಂಕ್. ತಿದ್ದುವಾಗ ಬಣ್ಣ ತೆಗೆಯುವ ಹಾಗಿಲ್ಲ. ಯಾವುದಾದರೂ ಪ್ಯಾರಾದಲ್ಲಿ ಹಳದಿ ಪಕ್ಕ ಗುಲಾಬಿ ಕಂಡರೆ ಅಲ್ಲೇ ನಿಲ್ಲಬೇಕು. ಪರದೆಯನ್ನು ಚಿಕ್ಕದು ಮಾಡಿ ಇಡೀ ಯೂನಿಟ್ ಒಂದು ಸಲ ಕಣ್ಣಾಡಿಸಿದರೆ ಸಾಕು, ಎಲ್ಲಿ ಗಲೀಜಾಗಿದೆ ಗೊತ್ತಾಗುತ್ತೆ. ನಿಮ್ಮ ಎರಡು ಯೂನಿಟ್‌ಗೂ ಇವತ್ತೇ ಬಣ್ಣ ಹಚ್ಚಿ. ಯಾವ ಪ್ಯಾರಾ ಎಲ್ಲಿಂದ ಬಂತು ಅಂತ ನೆನಪಾಗದಿದ್ದರೆ ಅದನ್ನು ಕಿತ್ತು ನೀವೇ ಬರೆಯಿರಿ, ಹುಡುಕಿಕೊಂಡು ಕೂರಬೇಡಿ.

ಹುಡುಕಿಕೊಂಡು ಕೂತ ಕಥೆ ಹೇಳುತ್ತೇನೆ. ನನ್ನ ರೀಡರ್‌ನಲ್ಲಿ ಒಂದು ಬಾಕ್ಸ್ ಪ್ಲಾಟ್ (ಅಂಕಿಗಳು ಹೇಗೆ ಹರಡಿವೆ ಅಂತ ತೋರಿಸುವ ಗ್ರಾಫ್) ಇತ್ತು. ನೀಲಿ ಪೆಟ್ಟಿಗೆ, ಬಲಕ್ಕೆ ದೂರದಲ್ಲಿ ಮೂರು ಔಟ್‌ಲೈಯರ್ ಚುಕ್ಕಿ, ಸ್ಕ್ರೀನ್‌ಶಾಟ್ ಹೊಡೆದದ್ದು. ಎಲ್ಲಿಂದ ಹೊಡೆದೆ ಅನ್ನುವುದೇ ಮರೆತುಹೋಗಿತ್ತು. ರಿವರ್ಸ್ ಇಮೇಜ್ ಸರ್ಚ್ ಹಾಕಿದೆ. ಒಂಬತ್ತು ಸೈಟ್‌ನಲ್ಲಿ ಅದೇ ಚಿತ್ರ, ಎಲ್ಲರೂ ಎಲ್ಲರಿಂದಲೂ ಎತ್ತಿದ್ದಾರೆ. ಎರಡು ಸಂಜೆ ಹೋಯಿತು. ಮೂರನೇ ಸಂಜೆ ಬೇರೆ ಅಂಕಿ ತಗೊಂಡು ಆರ್ ಅನ್ನುವ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ನಾನೇ ಒಂದು ಪ್ಲಾಟ್ ಹಾಕಿದೆ. ಇಪ್ಪತ್ತು ನಿಮಿಷ! ಅಲ್ಲಿಂದ ಮುಂದೆ ಗ್ರಾಫ್ ಅಂದರೆ ನಾನೇ ಬರೆಯುವುದು. ಇನ್ನೊಬ್ಬರ ಚಿತ್ರ ಬೇಕೇ ಬೇಕು ಅಂದರೆ ವಿಕಿಮೀಡಿಯಾ ಕಾಮನ್ಸ್‌ಗೆ ಹೋಗುತ್ತೇನೆ, ಅಲ್ಲಿ ಫೈಲ್ ಪುಟದಲ್ಲೇ ಕ್ರೆಡಿಟ್ ಸಾಲು ರೆಡಿ ಸಿಗುತ್ತೆ. ಓಪನ್‌ವರ್ಸ್ ಅನ್ನುವ ಸರ್ಚ್ ಸೈಟ್‌ನಲ್ಲಿ ಹುಡುಕಬಹುದು, ಆದರೆ ಅದು ತೋರಿಸುವ ಲೈಸೆನ್ಸ್ ನಂಬಿ ಬಿಡಬೇಡಿ, ಮೂಲ ಪುಟಕ್ಕೆ ಹೋಗಿ ನೋಡಿ. ಗೂಗಲ್ ಇಮೇಜಸ್ ಫಿಲ್ಟರ್‌ಗೂ ಇದೇ ಮಾತು.

ಇನ್ನೊಂದು ಗುಂಡಿ ಇದೆ. ಪುಸ್ತಕ ಓಪನ್ ಆದರೂ ಒಳಗಿನ ಚಿತ್ರ ಓಪನ್ ಆಗಿರಬೇಕು ಅಂತ ಇಲ್ಲ. ಓಪನ್‌ಕೋರ್ಸ್‌ವೇರ್ ನೋಟ್ಸ್‌ನಲ್ಲಿ ಕೆಲವು ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತೆ, ಇದು ನಮ್ಮ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗೆ ಸೇರಿಲ್ಲ ಅಂತ. ಆ ಸಾಲನ್ನು ನಾನು ಒಂದು ವರ್ಷ ಓದೇ ಇರಲಿಲ್ಲ. ಚಿತ್ರದ ಕೆಳಗಿನ ಕ್ರೆಡಿಟ್‌ನಲ್ಲಿ "ಅನುಮತಿ ಪಡೆದು ಬಳಸಿದೆ" ಅಂತ ಇದ್ದರೆ ಆ ಅನುಮತಿ ಅವರಿಗೆ ಸಿಕ್ಕಿದ್ದು, ನಿಮಗಲ್ಲ.

ಸೈಟ್ ಕೇಳಿದ್ದಿರಲ್ಲ. ಓಪನ್‌ಸ್ಟ್ಯಾಕ್ಸ್‌ನಿಂದ ಶುರು ಮಾಡಿ. ರೈಸ್ ಯೂನಿವರ್ಸಿಟಿಯದು, 2012ರಿಂದ ಪುಸ್ತಕ ಕೊಡುತ್ತಿದ್ದಾರೆ. ಗುಣಮಟ್ಟಕ್ಕೆ ಭಯ ಇಲ್ಲ. ನನ್ನ ತಕರಾರು ಎರಡು. ಪುಸ್ತಕ ವಿಪರೀತ ದಪ್ಪ, ಉದಾಹರಣೆಗಳೆಲ್ಲಾ ಅಮೆರಿಕದವು. ಹಲವು ಬೈ, ಆದರೆ ಕ್ಯಾಲ್ಕುಲಸ್‌ನಂಥವು ಎನ್‌ಸಿ-ಎಸ್‌ಎ. ಒಂದೇ ಸೈಟ್ ಅಂತ ಕಣ್ಣು ಮುಚ್ಚಿ ಬೈ ಅಂತ ಬರೆದುಕೊಳ್ಳಬೇಡಿ. ಉತ್ತರದ ಕೈಪಿಡಿ, ಸ್ಲೈಡ್‌ಗಳಲ್ಲಿ ಕೆಲವಕ್ಕೆ ಟೀಚರ್ ಅಂತ ಖಾತೆ ಮಾಡಿ ಅವರು ಪರಿಶೀಲಿಸುವವರೆಗೆ ಕಾಯಬೇಕು. ಸೆಮಿಸ್ಟರ್ ಶುರುವಾಗುವ ಹಿಂದಿನ ರಾತ್ರಿ ಅರ್ಜಿ ಹಾಕಿ ಬೈಯಬೇಡಿ.

ಲಿಬ್ರೆಟೆಕ್ಸ್ಟ್ಸ್ ಸಮುದ್ರ. ಅಮೆರಿಕದ ಯೂಸಿ ಡೇವಿಸ್ ಯೂನಿವರ್ಸಿಟಿಯಲ್ಲಿ 2008ರಲ್ಲಿ ಕೆಮಿಸ್ಟ್ರಿ ವಿಕಿಯಾಗಿ ಶುರುವಾಯಿತು, ಕೆಮಿಸ್ಟ್ರಿ ಈಗಲೂ ಅಲ್ಲೇ ಗಟ್ಟಿ. ಬೇರೆ ವಿಷಯಗಳಲ್ಲಿ ಒಂದೇ ಪಾಠ ನಾಲ್ಕು ಕಡೆ ಸಿಗುತ್ತೆ, ಯಾವುದು ಹೊಸದು ಅಂತ ತಲೆ ಕೆಡುತ್ತೆ. ಅಲ್ಲಿ ಲೈಸೆನ್ಸ್ ಪುಟದಿಂದ ಪುಟಕ್ಕೆ ಬದಲಾಗಬಹುದು, ಪ್ರತಿ ಪುಟದ ಕೆಳಗೆ ನೋಡಿ. ನನಗೆ ಜಾಸ್ತಿ ಇಷ್ಟ ಆಗುವುದು ಮಿನ್ನೆಸೊಟಾ ಯೂನಿವರ್ಸಿಟಿಯ ಓಪನ್ ಟೆಕ್ಸ್ಟ್‌ಬುಕ್ ಲೈಬ್ರರಿ. ಪುಸ್ತಕ ಕಮ್ಮಿ, ಆದರೆ ಪಾಠ ಮಾಡುವವರೇ ಬರೆದ ವಿಮರ್ಶೆ ಇರುತ್ತೆ. ಮೊದಲು ಮೂರು ಸ್ಟಾರ್ ಕೊಟ್ಟವರದ್ದು ಓದಿ, ಯಾವ ಅಧ್ಯಾಯ ಸೋತಿದೆ ಅಂತ ಅವರೇ ಹೇಳಿಬಿಡುತ್ತಾರೆ. ಮ್ಯಾಥ್ಸ್‌ನವರು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾಥಮ್ಯಾಟಿಕ್ಸ್ ಆರಿಸಿದ ಪಟ್ಟಿ ನೋಡಿ. ಮರ್ಲಾಟ್ ಅನ್ನುವ ಪಾಠ ಸಾಮಗ್ರಿಗಳ ಸಂಗ್ರಹ 1997ರ ಕಾಲದ್ದು, ದೊಡ್ಡದು, ಗೌರವ ಇದೆ. ಆದರೆ ಸತ್ತ ಲಿಂಕ್ ಜಾಸ್ತಿ, ಬರೀ ಓದೋಕೆ ಬಿಟ್ಟ ಸಾಮಗ್ರಿಯೂ ಓಪನ್ ಇರುವುದರ ಜೊತೆ ಬೆರೆತಿದೆ. ಫಿಲ್ಟರ್ ಹಾಕದೆ ಒಳಗೆ ಹೋಗಬೇಡಿ.

ಎಲ್ಲಿ ಹುಡುಕಿದರೂ ವಿಷಯದ ಹೆಸರು ಹಾಕಿ ಹುಡುಕಬೇಡಿ. "ಸ್ಟ್ಯಾಟಿಸ್ಟಿಕ್ಸ್" ಅಂತ ಹಾಕಿದರೆ ಸಾವಿರ ಬರುತ್ತೆ, ನೂರು ಇಳಿಸಿಕೊಂಡು ಒಂದೂ ಓದಲ್ಲ. ಸಿಲೆಬಸ್ ಮುಂದೆ ಇಟ್ಟುಕೊಂಡು ಕೊರತೆ ಇರುವ ಒಂದೊಂದು ಟಾಪಿಕ್ ಹಾಕಿ. ನನ್ನ ಪ್ರಕಾರ ಒಂದು ಪೇಪರ್‌ಗೆ ಒಂದು ಬೆನ್ನೆಲುಬಿನ ಪುಸ್ತಕ, ಪಕ್ಕಕ್ಕೆ ಎರಡು ಮೂರು ಮೂಲ ಸಾಕು. ಆರು ಜಾಸ್ತಿ ಆಯಿತು ಮೇಡಂ. ಮಾತಿನ ಧಾಟಿ ಬೇರೆ, ಚಿಹ್ನೆಗಳು ಬೇರೆ. ಒಂದು ಪುಸ್ತಕದಲ್ಲಿ ಸ್ಯಾಂಪಲ್ ವೇರಿಯನ್ಸ್‌ಗೆ (ಅಂಕಿಗಳು ಎಷ್ಟು ಹರಡಿವೆ ಅನ್ನುವ ಅಳತೆ) ಎನ್‌ನಿಂದ, ಅಂದರೆ ಎಷ್ಟು ಅಂಕಿಗಳಿವೆಯೋ ಅದರಿಂದ, ಭಾಗಿಸಿರುತ್ತಾರೆ, ಇನ್ನೊಂದರಲ್ಲಿ ಎನ್ ಮೈನಸ್ ಒಂದರಿಂದ. ಹುಡುಗರು ಬಂದು ಕೇಳುವುದು ನಿಮ್ಮನ್ನೇ.

ಪಿಡಿಎಫ್ ಮಾತ್ರ ಇಳಿಸಿಕೊಳ್ಳುವ ಚಟವನ್ನೂ ಬಿಡಿ. ತಿದ್ದೋಕೆ ಹಕ್ಕಿದ್ದರೂ ಪಿಡಿಎಫ್‌ನಿಂದ ಸಮೀಕರಣ ಎತ್ತುವುದು ನರಕ. ಲಾಟೆಕ್ ಸೋರ್ಸ್ (ಸಮೀಕರಣ ಸಮೇತ ತಿದ್ದಬಹುದಾದ ಮೂಲ ಫೈಲ್) ಇದೆಯಾ, ಎಚ್‌ಟಿಎಂಎಲ್ ಇದೆಯಾ ನೋಡಿ. ಓಪನ್‌ಇಂಟ್ರೊದವರು ಸೋರ್ಸ್ ಕೊಡುತ್ತಾರೆ, ಆ ಒಂದು ಕಾರಣಕ್ಕೇ ನನಗೆ ಅವರು ಇಷ್ಟ.

ಲೈಸೆನ್ಸ್ ಪುಟವನ್ನು ಅವತ್ತೇ ವೇಬ್ಯಾಕ್ ಮಷೀನ್‌ನಲ್ಲಿ (ವೆಬ್ ಪುಟಗಳ ಹಳೆಯ ಪ್ರತಿ ಉಳಿಸುವ ಸೈಟ್) ಸೇವ್ ಮಾಡಿಡಿ. ಸಿಸಿ ಲೈಸೆನ್ಸ್ ಕೊಟ್ಟ ಮೇಲೆ ಆ ಪ್ರತಿಯ ಮೇಲಿನ ಹಕ್ಕನ್ನು ವಾಪಸ್ ತಗೊಳ್ಳೋಕೆ ಬರಲ್ಲ, ಆದರೆ ಪುಟ ಮಾಯವಾದರೆ ನಿಮ್ಮ ಹತ್ತಿರ ಸಾಕ್ಷಿ ಏನಿದೆ? ಯೂಟ್ಯೂಬ್‌ನಲ್ಲಿ ಸಿಸಿ ಫಿಲ್ಟರ್ ಇದೆ, ಆದರೆ ಇನ್ನೊಬ್ಬರ ವಿಡಿಯೋ ಎತ್ತಿ ತನ್ನದು ಅಂತ ಸಿಸಿ ಹಾಕಿದವರೂ ಅಲ್ಲಿದ್ದಾರೆ. ಚಾನೆಲ್ ಯಾರದು ನೋಡಿ.

ಎನ್‌ಸಿ ಇದ್ದರೆ ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಪ್ರಿಂಟ್ ಹಾಕಿಸಬಹುದಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಅಮೆರಿಕದ ಮೇಲ್ಮನವಿ ಕೋರ್ಟ್ ಒಂದರ ಮುಂದೆ ಹೀಗೇ ಒಂದು ಕೇಸ್ ಬಂದಿತ್ತು. ಶಾಲೆಗಳ ಪರವಾಗಿ ದುಡ್ಡು ತಗೊಂಡು ಎನ್‌ಸಿ ಸಾಮಗ್ರಿ ಪ್ರಿಂಟ್ ಹಾಕಿಕೊಟ್ಟ ಅಂಗಡಿ ಲೈಸೆನ್ಸ್ ಮುರಿದ ಹಾಗೆ ಆಗಲ್ಲ ಅಂತ 2018ರಲ್ಲಿ ತೀರ್ಪು ಕೊಟ್ಟರು. ಅದು ಅಲ್ಲಿಯ ಮಾತು, ಎಲ್ಲಾ ಕಡೆಗೂ ಅದೇ ಕಾನೂನು ಅಲ್ಲ. ಲಾಭ ಇಟ್ಟು ಮಾರಬೇಡಿ ಅಂತೂ ಹೇಳಬಲ್ಲೆ.

ಕೊನೆಗೆ ಕ್ರೆಡಿಟ್. ರೀಡರ್‌ನ ಕೊನೇ ಪುಟದಲ್ಲಿ "ಎಲ್ಲರಿಗೂ ಧನ್ಯವಾದ" ಅಂತ ಒಂದು ಸಾಲು ಬರೆದರೆ ಅದು ಕ್ರೆಡಿಟ್ ಅಲ್ಲ. ತುಂಡಿನ ಕೆಳಗೇ ಹೆಸರು, ಯಾರದು, ಎಲ್ಲಿಂದ, ಯಾವ ಲೈಸೆನ್ಸ್, ಏನು ಬದಲಾಯಿಸಿದ್ದೀರಿ, ಇಷ್ಟೂ ಬರಬೇಕು. ಶೀಟ್ ತುಂಬಿದ್ದರೆ ಅಲ್ಲಿಂದ ಕಾಪಿ ಮಾಡಿದರೆ ಆಯಿತು, ಎರಡು ನಿಮಿಷದ ಕೆಲಸ.

ಮೇಡಂ, ಮೊದಲನೇ ಯೂನಿಟ್‌ಗೆ ಬಣ್ಣ ಹಚ್ಚಿ ಒಂದೆರಡು ಪುಟದ ಫೋಟೋ ಇಲ್ಲೇ ಹಾಕಿ. ಹಳದಿ, ಗುಲಾಬಿ ಎಲ್ಲಿ ಕಲೆತಿದೆ ನೋಡಿ ಹೇಳುತ್ತೇನೆ. ಆ ಆರು ಮೂಲ ಯಾವುವು ಅನ್ನುವುದನ್ನೂ ಬರೆಯಿರಿ, ಅದರಲ್ಲಿ ಎರಡಾದರೂ ನಾನು ಆಗಲೇ ಕಿತ್ತು ಹಾಕಿದವು ಇರುತ್ತವೆ ಅಂತ ನನ್ನ ಗುಮಾನಿ.